ಪೊಲೀಸ್ ವಿಚಾರಣೆಯಲ್ಲಿ ಮೌನದ ಹಕ್ಕನ್ನು ಬಳಸುವುದು ಹೇಗೆ?

ಪೊಲೀಸರ ನೋಟಿಸ್ ಕೈಗೆ ಬಂದಾಗ, ಅದನ್ನು ಯಾವ ಸೆಕ್ಷನ್ ಅಡಿ ಕೊಟ್ಟಿದ್ದಾರೆಂದು ಮೊದಲು ನೋಡಿ. ಕ್ರಿಮಿನಲ್ ಪ್ರಕ್ರಿಯೆಯ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 179ನೇ ಸೆಕ್ಷನ್ ಎಂದಿದ್ದರೆ ನೀವು ಮಾಹಿತಿ ಬಲ್ಲವರು. 35(3) ಎಂದಿದ್ದರೆ ಸಂಶಯ ನಿಮ್ಮ ಮೇಲೆಯೇ ಇದೆ. ಎರಡಕ್ಕೂ ಓಗೊಡಲೇಬೇಕು. ಆದರೆ ಮಹಿಳೆಯರು, 15ರೊಳಗಿನವರು, 60 ದಾಟಿದವರು, ದೈಹಿಕ ಅಥವಾ ಮಾನಸಿಕ ಅಂಗವೈಕಲ್ಯವುಳ್ಳವರು, ತೀವ್ರ ಅನಾರೋಗ್ಯದಲ್ಲಿರುವವರು ಇವರನ್ನು 179ರ ಅಡಿ ಅವರು ವಾಸವಿರುವ ಸ್ಥಳದಿಂದ ಬೇರೆಡೆಗೆ ಬರುವಂತೆ ಬಲವಂತಪಡಿಸುವಂತಿಲ್ಲ.

ನಂತರ ವಕೀಲರನ್ನು ಕಾಣಿ. ಬಂಧನವಾದರೆ, ವಿಚಾರಣೆಯ ಉದ್ದಕ್ಕೂ ಅಲ್ಲದಿದ್ದರೂ ಅದರ ನಡುವೆ ನಿಮ್ಮ ಆಯ್ಕೆಯ ವಕೀಲರನ್ನು ಭೇಟಿಯಾಗುವ ಹಕ್ಕನ್ನು ಅದೇ ಸಂಹಿತೆಯ 38ನೇ ಸೆಕ್ಷನ್ ಕೊಡುತ್ತದೆ. ಉಚಿತ ಕಾನೂನು ನೆರವಿಗೆ 15100ಕ್ಕೆ ಕರೆ ಮಾಡಬಹುದು.

ಇನ್ನು ಪ್ರಶ್ನೆಗಳ ಸರದಿ. ಆರೋಪಿಯನ್ನು ಅವನ ವಿರುದ್ಧವೇ ಸಾಕ್ಷಿಯಾಗುವಂತೆ ಬಲವಂತಪಡಿಸಬಾರದೆಂದು ಸಂವಿಧಾನದ 20(3)ನೇ ವಿಧಿ ಹೇಳುತ್ತದೆ. ಈ ರಕ್ಷಣೆ ನ್ಯಾಯಾಲಯಕ್ಕಷ್ಟೇ ಸೀಮಿತವಲ್ಲ, ಪೊಲೀಸ್ ವಿಚಾರಣೆಗೂ ಅನ್ವಯಿಸುತ್ತದೆಂದು ಸುಪ್ರೀಂ ಕೋರ್ಟ್ 1978ರ ನಂದಿನಿ ಸತ್ಪತಿ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. ಹಾಗೆಂದು ಬಾಯಿಗೆ ಬೀಗ ಹಾಕಿಕೊಂಡು ಕೂರುವುದು ಜಾಣತನವಲ್ಲ. ಹೆಸರು, ವಿಳಾಸ ಕೇಳಿದರೆ ಹೇಳಿ. 'ಕಳುವಾದ ರಾತ್ರಿ ಆ ಗೋದಾಮಿನಲ್ಲಿ ಇದ್ದಿರಾ?' ಎಂದಾಗ, ಉತ್ತರ ನಿಮ್ಮನ್ನು ಆರೋಪಕ್ಕೆ ಗುರಿಮಾಡುವಂತಿದ್ದರೆ, 'ನಾಗರಿಕ ಸುರಕ್ಷಾ ಸಂಹಿತೆಯ 180(2)ರ ಪ್ರಕಾರ ಈ ಪ್ರಶ್ನೆಗೆ ಉತ್ತರಿಸುವುದಿಲ್ಲ' ಎಂದು ಸೌಜನ್ಯದಿಂದಲೇ ಹೇಳಿ. ಗೊತ್ತಿದ್ದೂ 'ಗೊತ್ತಿಲ್ಲ' ಎನ್ನಬೇಡಿ. ಕಾನೂನು ಕಾಯುವುದು ಮೌನವನ್ನು, ಸುಳ್ಳನ್ನಲ್ಲ.

ಪೊಲೀಸರು ಬರೆದುಕೊಂಡ ಹೇಳಿಕೆಗೆ ಸಹಿ ಹಾಕಬೇಕಿಲ್ಲ. 181ನೇ ಸೆಕ್ಷನ್ ಪ್ರಕಾರ ಸಹಿ ಪಡೆಯುವಂತೆಯೇ ಇಲ್ಲ. ಪೊಲೀಸರ ಮುಂದಿನ ತಪ್ಪೊಪ್ಪಿಗೆಯನ್ನು ನಿಮ್ಮ ವಿರುದ್ಧ ಸಾಬೀತುಪಡಿಸಲೂ ಬರುವುದಿಲ್ಲ. ಆದರೆ ಜನ ಎಡವುವುದು ಇಲ್ಲಿಯೇ: ಪೊಲೀಸ್ ವಶದಲ್ಲಿರುವ ಆರೋಪಿ 'ಚಾಕುವನ್ನು ಬಾವಿಕಟ್ಟೆಯ ಹಿಂದೆ ಹೂತಿದ್ದೇನೆ' ಎಂದು, ಅದು ಅಲ್ಲಿ ಸಿಕ್ಕಿದರೆ, ಆ ಪತ್ತೆಗೆ ನೇರವಾಗಿ ಕಾರಣವಾದಷ್ಟು ಮಾತು ಭಾರತೀಯ ಸಾಕ್ಷ್ಯ ಅಧಿನಿಯಮದ 23ನೇ ಸೆಕ್ಷನ್ ಅಡಿ ಸಾಕ್ಷ್ಯವಾಗುತ್ತದೆ.

ಬೆರಳಚ್ಚು, ಕೈಬರಹದ ಮಾದರಿಗಳಿಗೆ ಈ ಹಕ್ಕು ಅಡ್ಡಬರುವುದಿಲ್ಲ ಎಂಬುದು 1961ರಲ್ಲೇ ತೀರ್ಮಾನವಾಗಿದೆ. ಮಂಪರು ಪರೀಕ್ಷೆಯ ಮಾತು ಬೇರೆ. ನಮ್ಮ ರಾಜ್ಯವೇ ಪ್ರತಿವಾದಿಯಾಗಿದ್ದ ಸೆಲ್ವಿ ಪ್ರಕರಣದಲ್ಲಿ, ಒಪ್ಪಿಗೆಯಿಲ್ಲದೆ ಅದನ್ನಾಗಲಿ ಸುಳ್ಳುಪತ್ತೆ ಪರೀಕ್ಷೆಯನ್ನಾಗಲಿ ನಡೆಸಬಾರದೆಂದು 2010ರಲ್ಲಿ ತೀರ್ಪಾಯಿತು.

ತಪ್ಪೊಪ್ಪಿಗೆ ದಾಖಲಿಸಲು ಮ್ಯಾಜಿಸ್ಟ್ರೇಟರ ಮುಂದೆ ಕರೆದೊಯ್ದರೆ, ಹಾಗೆ ಹೇಳಲೇಬೇಕೆಂದಿಲ್ಲ ಎಂದು ಅವರೇ ಮೊದಲು ತಿಳಿಸಬೇಕು. ಅಲ್ಲಿ ನೀವು ಮನಸ್ಸಿಲ್ಲವೆಂದರೆ, ಅದೇ ಕಾರಣಕ್ಕೆ ನಿಮ್ಮನ್ನು ಮರಳಿ ಪೊಲೀಸ್ ವಶಕ್ಕೆ ಒಪ್ಪಿಸುವುದನ್ನು ನಾಗರಿಕ ಸುರಕ್ಷಾ ಸಂಹಿತೆಯ 183(3) ತಡೆಯುತ್ತದೆ.