ಒಂದು ಹಲ್ಲಿಗೆ ಒಂದೂವರೆ ಕ್ವಿಂಟಾಲ್ ಚಾಲಿ

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಿಂದ ಸ್ವಲ್ಪ ಒಳಗೆ, ಅಡಿಕೆ ತೋಟ. ನಮ್ಮ ಕಡೆ ಯಾರು ಎಂತ ತಕೊಂಡ್ರೂ ಅದನ್ನು ಅಡಿಕೆಯಲ್ಲಿ ಲೆಕ್ಕ ಹಾಕುದು ಒಂದು ಅಭ್ಯಾಸ, ಬೈಕಿಗೆ ಇಷ್ಟು ಕ್ವಿಂಟಾಲ್, ಮಗಳ ಕಾಲೇಜು ಫೀಸಿಗೆ ಇಷ್ಟು ಅಂತ. ಹಾಗೆ ನೋಡಿದ್ರೆ ನನ್ನ ಕೆಳಗಿನ ಎಡಬದಿಯ ಒಂದೇ ಒಂದು ದವಡೆ ಹಲ್ಲಿನ ಜಾಗಕ್ಕೆ ಇಂಪ್ಲಾಂಟ್, ಅಂದ್ರೆ ಎಲುಬಿಗೆ ಸ್ಕ್ರೂ ಕೂರಿಸಿ ಅದರ ಮೇಲೆ ಕಟ್ಟುವ ಹಲ್ಲು, ಹಾಕಿಸ್ಲಿಕ್ಕೆ ಒಂದೂವರೆ ಕ್ವಿಂಟಾಲ್ ಹೊಸ ಚಾಲಿ, ಅಂದ್ರೆ ಒಣಗಿಸಿ ಸುಲಿದ ಅಡಿಕೆ, ಹೋಯ್ತು. ಹೇಳಿದ ಕೂಡಲೇ ಕೆಲವರು 'ಅಷ್ಟಾ ಮಾರಾಯ್ರೆ' ಅಂತಾರೆ, ಉಳಿದವರು 'ಪೇಟೆಯಲ್ಲಿ 16 ಸಾವಿರಕ್ಕೆ ಹಾಕ್ತಾರಲ್ಲ, ನಿಮಗೆಂತ ಮಂಗಳೂರೇ ಆಗ್ಬೇಕಿತ್ತಾ' ಅಂತ ಕೇಳ್ತಾರೆ. ಆ 16 ಸಾವಿರದ ಕಥೆ ಬರೆಯುವ ಅಂತಲೇ ಕೂತದ್ದು.

ಶುರುವಾದದ್ದು ನನ್ನದೇ ಜಿಪುಣತನದಿಂದ. 2016ರಲ್ಲಿ ಆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿದ್ದೆ, 3,500 ಕೊಟ್ಟದ್ದು ನೆನಪುಂಟು. ಮೇಲಿಂದ ಒಂದು ಕ್ಯಾಪ್ ಹಾಕಿಸಿ, ನರ ತೆಗೆದ ಹಲ್ಲು ಒಣಗಿದ ಗೆಲ್ಲಿನ ಹಾಗೆ, ಯಾವತ್ತು ಸೀಳ್ತದೆ ಹೇಳ್ಲಿಕ್ಕಾಗುದಿಲ್ಲ ಅಂತ ಡಾಕ್ಟ್ರು ಆಗಲೇ ಹೇಳಿದ್ರು. ಕ್ಯಾಪಿಗೆ 4,000. ನೋವು ಹೋಯ್ತಲ್ಲ, ಇನ್ನೆಂತಕ್ಕೆ ಅಂತ ನಾನು ಆ ಕಡೆ ತಲೆ ಹಾಕ್ಲಿಲ್ಲ. 2022ರ ಮಳೆಗಾಲದಲ್ಲಿ ಒಂದು ದಿನ ಮಧ್ಯಾಹ್ನ ಊಟ ಆಗಿ ಜಗಲಿಯಲ್ಲಿ ಕೂತು ಎಲೆಅಡಿಕೆ ಹಾಕಿದ್ದೆ, ಹೋಳು ಒಂದು ಭಾರೀ ಗಟ್ಟಿ ಇತ್ತು, ಕಟಕ್ ಅಂತ ಕೇಳಿತು, ಹೋಯ್ತು. ನಮ್ಮದೇ ತೋಟದ ಅಡಿಕೆ, ಯಾರಿಗೆ ಬೈಯುದು. ಹಲ್ಲು ಬುಡದವರೆಗೆ ಸೀಳಿತ್ತು, ಕೀಳಿಸ್ಬೇಕಾಯ್ತು.

ಕೀಳಿಸಿದ ಮೇಲೆ ಎಂಟೊಂಬತ್ತು ತಿಂಗಳು ಸುಮ್ಮನೆ ಇದ್ದೆ. ಒಳಗಿನ ಹಲ್ಲಲ್ವಾ, ನಗುವಾಗ ಕಾಣುದಿಲ್ಲ, ಬಲಬದಿಯಲ್ಲಿ ಅಗಿದ್ರಾಯ್ತು. ಇದು ಎರಡನೇ ತಪ್ಪು ಅಂತ ಆಮೇಲೆ ಗೊತ್ತಾಯ್ತು. ಹಲ್ಲು ಹೋದ ಜಾಗದ ಎಲುಬು ಇದ್ದ ಹಾಗೆ ಇರುದಿಲ್ಲವಂತೆ, ಕರಗ್ತಾ ಹೋಗ್ತದೆ, ಮೊದಲ ಒಂದು ವರ್ಷದಲ್ಲೇ ಅಗಲ ಅರ್ಧಕ್ಕರ್ಧ ಇಳಿದದ್ದೂ ಉಂಟಂತೆ. ಮೇಲಿನ ಹಲ್ಲು ಬೇರೆ ಎದುರು ಯಾರೂ ಇಲ್ಲ ಅಂತ ಗೊತ್ತಾಗಿ ಮೆಲ್ಲ ಕೆಳಗೆ ಇಳೀಲಿಕ್ಕೆ ಶುರು ಮಾಡ್ತದೆ. ಆ ಒಂಬತ್ತು ತಿಂಗಳಿಗೆ ನಾನು ಕೊಟ್ಟ ಬಾಡಿಗೆ 9,500 ರುಪಾಯಿ, ಅದು ಮುಂದೆ ಬರ್ತದೆ.

ಮೊದಲು ಹೋದದ್ದು ಪೇಟೆಯಲ್ಲಿ ಫ್ಲೆಕ್ಸ್ ಕಟ್ಟಿದ್ದ ಒಂದು ಕ್ಲಿನಿಕ್ಕಿಗೆ. ದೊಡ್ಡ ಅಕ್ಷರದಲ್ಲಿ ಇಂಪ್ಲಾಂಟ್ 15,999. ಮಲಯಾಳದಲ್ಲಿ ಬರೆದಿದ್ರು, ಅಂಕಿಗೆ ಭಾಷೆ ಇಲ್ವಲ್ಲ. ಒಳಗೆ ಕೂತವರು ಚಂದ ಮಾತಾಡಿದ್ರು, ಮಲಯಾಳದಲ್ಲಿ ವಿವರ ಹೇಳಿದ್ರು, ನನ್ನ ಮಲಯಾಳ ಸಂತೆಗೆ ಸಾಕು, ಹಲ್ಲಿನ ಎಲುಬಿನವರೆಗೆ ಹೋಗುದಿಲ್ಲ. ಸಹಿ ಹಾಕುವ ಫಾರ್ಮ್ ಒಂದು ಇಂಗ್ಲಿಷ್, ಒಂದು ಮಲಯಾಳ. ಕನ್ನಡದ್ದು ಉಂಟಾ ಕೇಳಿದೆ, ನಕ್ಕರು. ಕಾಸರಗೋಡಿನಲ್ಲಿ ಇದು ನಮಗೆ ಹೊಸತೇನಲ್ಲ, ಆದ್ರೆ ದವಡೆಗೆ ತೂತು ಕೊರೆಯುವ ವಿಷಯಕ್ಕೆ ಗೊತ್ತಿಲ್ಲದ ಭಾಷೆಯಲ್ಲಿ ಸಹಿ ಹಾಕುದು ಅಂದ್ರೆ ಸ್ವಲ್ಪ ಹಿಂದೆ ಮುಂದೆ ನೋಡಿದೆ. ಒಂದು ಕಾಗದ ಕೇಳಿ ತಕೊಂಡು, ಒಟ್ಟು ಎಷ್ಟಾಗ್ತದೆ ಎಲ್ಲ ಸೇರಿ ಬರ್ದು ಕೊಡಿ ಅಂದೆ. ಆಗ ಗೊತ್ತಾಯ್ತು ನೋಡಿ. 15,999 ಅಂದ್ರೆ ಎಲುಬಿನ ಒಳಗೆ ಕೂರುವ ಟೈಟಾನಿಯಂ ಸ್ಕ್ರೂ ಮಾತ್ರ. ಅದರ ಮೇಲೆ ಕೂರುವ ಅಬಟ್ಮೆಂಟ್ ಅನ್ನುವ ತುಂಡಿಗೆ 6,000. ಹಲ್ಲಿನ ಹಾಗೆ ಕಾಣುವ ಕ್ಯಾಪ್, ಒಳಗೆ ಲೋಹ ಇದ್ದದ್ದಾದ್ರೆ 5,000, ಜಿರ್ಕೋನಿಯಾ ಅನ್ನುವ ಗಟ್ಟಿ ಬಿಳಿ ಸೆರಾಮಿಕ್ ಆದ್ರೆ 9,000. ದವಡೆಯ ಎಲುಬು ನೋಡುವ ಸಿಬಿಸಿಟಿ ಅನ್ನುವ 3ಡಿ ಸ್ಕ್ಯಾನ್ 2,000. ಎಲುಬು ಸಾಲದೆ ಬಂದ್ರೆ ಅಲ್ಲಿಗೆ ಎಲುಬಿನ ಪುಡಿ ತುಂಬಿಸ್ಲಿಕ್ಕೆ 10,000. ಎಲ್ಲ ಕೂಡಿಸಿದ್ರೆ ಜಿರ್ಕೋನಿಯಾ ಲೆಕ್ಕದಲ್ಲಿ 42,999.

ಇದರಲ್ಲಿ ಮೋಸ ಅಂತ ನಾನು ಹೇಳುದಿಲ್ಲ. ಬೋರ್‌ವೆಲ್ಲಿನವರು ಹೇಳುದೂ ಹೀಗೇ ಅಲ್ವಾ, ಫೂಟಿಗೆ ಇಷ್ಟು ಅಂತಾರೆ, ಕೇಳುವಾಗ ಸಲೀಸು ಕಾಣ್ತದೆ, ಮತ್ತೆ ಕೇಸಿಂಗ್ ಪೈಪ್ ಬೇರೆ, ಪಂಪು ಬೇರೆ, ಕೇಬಲ್ ಬೇರೆ, ಮಣ್ಣು ಮೆತ್ತಗಿದ್ರೆ ಕೇಸಿಂಗ್ ಇನ್ನೂ ನಲ್ವತ್ತು ಫೀಟು ಜಾಸ್ತಿ. ಬೋರ್‌ವೆಲ್ ತೆಗೆಸುವವ ಯಾರೂ ಬರೀ ಫೂಟಿನ ರೇಟು ನೋಡಿ ಹಾರುದಿಲ್ಲ, ಒಟ್ಟು ನೀರು ಟ್ಯಾಂಕಿಗೆ ಬರುವಷ್ಟರಲ್ಲಿ ಎಷ್ಟು ಅಂತ ಕೇಳ್ತಾನೆ. ಹಲ್ಲಿನ ವಿಷಯದಲ್ಲಿ ಮಾತ್ರ ನಾವು ಸ್ಕ್ರೂ ರೇಟು ಕೇಳಿ ಮನೆಗೆ ಬಂದು ಹೇಳುದು. ಹಾಗಾಗಿ ಆಮೇಲೆ ಎಲ್ಲಿ ಹೋದ್ರೂ ನಾನು ಕೇಳಿದ್ದು ಒಂದೇ, ಚಕ್ಕುಲಿ ಕಚ್ಚುವವರೆಗೆ ಎಷ್ಟು.

ಡೆಂಟಲ್ ಕಾಲೇಜಿಗೂ ಹೋಗಿ ವಿಚಾರಿಸಿದೆ. ನಮಗೆ ಅದಕ್ಕೇನೂ ಬರ ಇಲ್ಲ, ದೇರಳಕಟ್ಟೆಯಲ್ಲೇ ಎರಡು, ಈಚೆ ಪೊಯಿನಾಚಿಯಲ್ಲಿ ಉಂಟು, ಆಚೆ ಸುಳ್ಯದಲ್ಲಿ ಉಂಟು. ನಾನು ಕೇಳಿದ ಕಡೆ ಒಟ್ಟು 25 ಸಾವಿರದ ಒಳಗೆ ಹೇಳಿದ್ರು, ಲೋಹದ ಕ್ಯಾಪ್ ಸೇರಿ. ಎಂಡಿಎಸ್, ಅಂದ್ರೆ ಹಲ್ಲಿನ ಡಾಕ್ಟ್ರಿಕೆಯಲ್ಲಿ ಮೇಲಿನ ಡಿಗ್ರಿ, ಓದುವ ಮಕ್ಕಳು ಮಾಡ್ತಾರೆ, ಪ್ರೊಫೆಸರು ಪಕ್ಕದಲ್ಲಿ ನಿಂತಿರ್ತಾರೆ. ಕೆಲಸ ಕೆಟ್ಟದಾಗ್ತದೆ ಅಂತ ನನಗೇನೂ ಅನ್ನಿಸ್ಲಿಲ್ಲ, ಒಂದೊಂದು ಹೆಜ್ಜೆಯನ್ನೂ ಇಬ್ಬರು ನೋಡ್ತಾರೆ, ಅದು ಒಳ್ಳೇದೇ. ಆದ್ರೆ ಹತ್ತು ಹನ್ನೆರಡು ಸರ್ತಿ ಬರ್ಬೇಕು, ಬಂದಲ್ಲಿ ಅರ್ಧ ದಿನ ಕೂರ್ಬೇಕು, ಕೊಯ್ಲಿನ ಸಮಯದಲ್ಲಿ ಕೆಲಸದವರನ್ನು ಬಿಟ್ಟು ಅಷ್ಟು ಸರ್ತಿ ಬರುದು ನನ್ನಿಂದ ಆಗುದಿಲ್ಲ. ಸಮಯ ಇರುವವರಿಗೆ, ಪೆನ್ಶನ್ ಬರುವವರಿಗೆ ನಾನು ಮೊದಲು ಹೇಳುದೇ ಕಾಲೇಜಿಗೆ ಹೋಗಿ ಅಂತ.

ಮನೆಯಲ್ಲಿ ಬ್ರಿಡ್ಜ್ ಮಾಡಿಸಿ ಸಾಕು ಅಂದ್ರು. ಮೂರು ಹಲ್ಲಿನ ಬ್ರಿಡ್ಜಿಗೆ ಲೋಹದ್ದಾದ್ರೆ 12 ಸಾವಿರ, ಹದಿನೈದು ದಿನದಲ್ಲಿ ಮುಗೀತದೆ. ಆದ್ರೆ ಅದಕ್ಕೆ ಆಚೀಚೆಯ ಎರಡು ಒಳ್ಳೆ ಹಲ್ಲನ್ನು ಅರೆದು ಸಣ್ಣ ಮಾಡ್ಬೇಕು. ಒಂದು ಅಡಿಕೆ ಮರ ಬಿತ್ತು ಅಂತ ಪಕ್ಕದ ಎರಡರ ತಲೆ ಕಡಿದು ಅಡ್ಡ ಕಂಬ ಕಟ್ಟಿದ ಹಾಗೆ. ಆ ಎರಡು ಹಲ್ಲಿಗೆ ಮೊದಲೇ ಫಿಲ್ಲಿಂಗೋ ಕ್ಯಾಪೋ ಇದ್ದಿದ್ರೆ ನಾನು ಬ್ರಿಡ್ಜೇ ಮಾಡಿಸ್ತಿದ್ದೆ, ನಿಜ ಹೇಳ್ತೇನೆ. ನನ್ನದು ಎರಡೂ ಕಲ್ಲಿನ ಹಾಗೆ ಇತ್ತು.

ಕೊನೆಗೆ ಮಂಗಳೂರಿನ ಒಬ್ಬ ಡಾಕ್ಟ್ರ ಹತ್ರ ಹೋದೆ, ಭಾವನಿಗೆ ಮಾಡಿದವರು. ಇವರು ಎರಡು ರೇಟು ಹೇಳಿದ್ರು, ಕೊರಿಯಾದ ಓಸ್ಟೆಮ್ ಆದ್ರೆ ಸ್ಕ್ರೂ, ಅಬಟ್ಮೆಂಟ್, ಜಿರ್ಕೋನಿಯಾ ಕ್ಯಾಪ್ ಎಲ್ಲ ಸೇರಿ 38,000, ಸ್ವಿಟ್ಜರ್ಲೆಂಡಿನ ಸ್ಟ್ರಾಮನ್ ಆದ್ರೆ 60,000. ನಾನು ಸೀದಾ ಕೇಳಿದೆ, 22 ಸಾವಿರ ಜಾಸ್ತಿ ಕೊಟ್ರೆ ಎಂತ ಜಾಸ್ತಿ ಸಿಗ್ತದೆ. ಅವರು ಸೀದಾ ಉತ್ತರ ಕೊಟ್ರು, ಅದೇ ನನಗೆ ಇಷ್ಟ ಆದದ್ದು. ಸ್ವಿಸ್ ಕಂಪನಿಯದ್ದು ಸ್ಕ್ರೂವಿನ ಮೇಲ್ಮೈಯಲ್ಲಿ ಹೆಸರು ಮಾಡಿದ್ದು, ಎಲುಬು ಬೇಗ ಹಿಡೀತದೆ, ವರ್ಷಗಟ್ಟಲೆಯ ರೆಕಾರ್ಡ್ ಉಂಟು, ಶುಗರ್ ಇದ್ದವರಿಗೆ, ಎಲುಬು ತೀರಾ ಮೆತ್ತಗೆ ಇದ್ದವರಿಗೆ ಅದನ್ನೇ ಹೇಳ್ತೇನೆ, ನಿಮ್ಮ ಕೆಳದವಡೆ ಗಟ್ಟಿ ಉಂಟು, ಕೊರಿಯಾದ್ದು ಸಾಕು ಅಂದ್ರು. ಎಷ್ಟು ವರ್ಷ ಬಾಳ್ತದೆ ಕೇಳಿದ್ದಕ್ಕೆ ಒಂದು ಕಥೆ ಹೇಳಿದ್ರು. ಸ್ವೀಡನ್ನಿನಲ್ಲಿ ಬ್ರಾನೆಮಾರ್ಕ್ ಅಂತ ಒಬ್ಬ ಪ್ರೊಫೆಸರ್ ಮೊಲದ ಕಾಲಿನ ಎಲುಬಿಗೆ ಏನೋ ನೋಡ್ಲಿಕ್ಕೆ ಅಂತ ಟೈಟಾನಿಯಂ ಇಟ್ಟಿದ್ರಂತೆ, ತೆಗೀಲಿಕ್ಕೆ ಹೋದ್ರೆ ಬರುದಿಲ್ಲ, ಎಲುಬಿಗೇ ಕಚ್ಚಿ ಕೂತಿದೆ. 1965ರಲ್ಲಿ ಮೊದಲ ಸರ್ತಿ ಒಬ್ಬ ಮನುಷ್ಯನಿಗೆ ಹಾಕಿದ್ರು, ಆತ ಸಾಯುವವರೆಗೆ, ಅಂದ್ರೆ 40 ವರ್ಷ, ಅದೇ ಇಂಪ್ಲಾಂಟಿನ ಮೇಲೆ ಊಟ ಮಾಡಿದ. ನನಗೆ ಈಗಲೇ 54, ನನಗೆ ಅಷ್ಟು ಬೇಡ.

ಈಗ ಲೆಕ್ಕ ನೋಡಿ. ಮಂಗಳೂರಿನ 38,000ಕ್ಕೆ ಸ್ಕ್ಯಾನು 2,000, ಆ ಒಂಬತ್ತು ತಿಂಗಳಲ್ಲಿ ಕರಗಿದ ಜಾಗಕ್ಕೆ ಎಲುಬಿನ ಪುಡಿ 9,500 ಸೇರಿದ್ರೆ 49,500. ಪೇಟೆಯದ್ದು 42,999. 16 ಸಾವಿರಕ್ಕೂ 38 ಸಾವಿರಕ್ಕೂ ಭೂಮಿ ಆಕಾಶ ವ್ಯತ್ಯಾಸ ಕಂಡದ್ದು, ಎಲ್ಲ ಕೂಡಿಸಿದ ಮೇಲೆ ಆರೂವರೆ ಸಾವಿರಕ್ಕೆ ಬಂದು ನಿಂತಿತು. ಆ ಆರೂವರೆ ಸಾವಿರ ಎಂತದ್ದಕ್ಕೆ ಅಂದ್ರೆ ನನ್ನ ಲೆಕ್ಕದಲ್ಲಿ ಸ್ಪೇರ್ ಪಾರ್ಟ್ಸಿಗೆ. ಪೇಟೆಯಲ್ಲಿ ಸ್ಕ್ರೂ ಯಾವ ಕಂಪನಿದು ಅಂತ ಕೇಳಿದ್ದಕ್ಕೆ 'ಇಂಪೋರ್ಟೆಡ್' ಅಂತ ಮಾತ್ರ ಹೇಳಿದ್ರು, ಹೆಸರು ಎರಡು ಸರ್ತಿ ಕೇಳಿದ್ರೂ ಬರ್ಲಿಲ್ಲ. ತೋಟಕ್ಕೆ ಪಂಪು ತಕೊಳ್ಳುವಾಗ ನಾವು ನೋಡುದು ಎಂತ, ಪುತ್ತೂರಿನಲ್ಲಿ ಇದರ ಬುಶ್ ಸಿಗ್ತದಾ ಅಂತ. ಹಲ್ಲಿನ ಒಳಗಿನ ಸ್ಕ್ರೂವೂ ಹಾಗೇ, ಒಂದೊಂದು ಕಂಪನಿಗೆ ಒಂದೊಂದು ಅಳತೆ, ಒಂದರ ಡ್ರೈವರ್ ಇನ್ನೊಂದಕ್ಕೆ ಕೂರ್ತದೆ ಅಂತ ಇಲ್ಲ. ಹತ್ತು ವರ್ಷ ಬಿಟ್ಟು ಸಡಿಲ ಆಗಿ ಆ ಕಂಪನಿಯೇ ಇಲ್ಲ ಅಂತಾದ್ರೆ ಗಟ್ಟಿ ಕೂತ ಸ್ಕ್ರೂವನ್ನೇ ಕೊರೆದು ತೆಗೀಬೇಕಾದೀತು.

ಎಲುಬಿನ ಪುಡಿ ವಿಷಯ ಒಂದು ಹೇಳ್ಬೇಕು, ನಮ್ಮ ಜನ ಇದನ್ನು ಕೇಳುದೇ ಇಲ್ಲ. ಇದು ಎಂತದ್ರಿಂದ ಮಾಡಿದ್ದು ಡಾಕ್ಟ್ರೆ ಅಂತ ನಾನು ಸುಮ್ಮನೆ ಬಾಯಿಗೆ ಬಂದ ಹಾಗೆ ಕೇಳಿದ್ದು. ದನದ ಎಲುಬಿಂದ, ಮಾಂಸದ ಅಂಶ ಎಲ್ಲ ತೆಗೆದು ಖನಿಜ ಮಾತ್ರ ಉಳಿಸಿದ್ದು ಅಂದ್ರು. ಒಂದು ನಿಮಿಷ ಮಾತೇ ಬರ್ಲಿಲ್ಲ. ಆಮೇಲೆ ಸಿಂಥೆಟಿಕ್ ಕೂಡ ಉಂಟು, ಬೇಕಾದ್ರೆ ಅದೇ ಹಾಕುವ, ರೇಟಿನಲ್ಲಿ ದೊಡ್ಡ ವ್ಯತ್ಯಾಸ ಇಲ್ಲ ಅಂತ ಅವರೇ ಹೇಳಿದ್ರು. ನಾನು ಅದೇ ಹಾಕಿಸಿದೆ. ಹಾಕಿಸಿಕೊಂಡವರನ್ನು ತಪ್ಪು ಅಂತ ಹೇಳುದಲ್ಲ, ದನದ್ದೇ ಹೆಚ್ಚು ಕಾಲದಿಂದ ಬಳಕೆಯಲ್ಲಿರುವುದಂತೆ, ಆದ್ರೆ ಅಡುಗೆಗೆ ಯಾವ ಎಣ್ಣೆ ಹಾಕಿದ್ರಿ ಅಂತ ಹೋಟೆಲಿನಲ್ಲಿ ವಿಚಾರಿಸುವ ನಾವು ಇದನ್ನು ಕೇಳದೆ ಸಹಿ ಹಾಕುದು ವಿಚಿತ್ರ ಅಲ್ವಾ.

2023ರ ಏಪ್ರಿಲಿನಲ್ಲಿ, ಚಾಲಿ ಕೊಟ್ಟು ದುಡ್ಡು ಕೈಗೆ ಬಂದ ಮೇಲೆ, ತೋಟಕ್ಕೆ ಮದ್ದು ಬಿಡುವ ಗಡಿಬಿಡಿ ಶುರುವಾಗುವ ಮೊದಲು ಹಾಕಿಸಿದ್ದು. ಮೊದಲು ರಕ್ತ ಪರೀಕ್ಷೆ, ಮೂರು ತಿಂಗಳ ಶುಗರಿನದ್ದೂ ಸೇರಿ 600. ಹೊಗೆಸೊಪ್ಪು ಪೂರ್ತಿ ಬಿಡ್ಬೇಕು, ಇಲ್ಲದಿದ್ರೆ ದುಡ್ಡು ನೀರಿಗೆ ಹಾಕಿದ ಹಾಗೆ ಅಂತ ಕಂಡೀಶನ್. ಆಪರೇಶನ್ ಬಗ್ಗೆ ಬರೆಯುವಂಥದ್ದು ಏನೂ ಇಲ್ಲ, ಮರಗಟ್ಟಿಸ್ತಾರೆ, ಮುಕ್ಕಾಲು ಗಂಟೆ, ಹಲ್ಲು ಕೀಳುವಾಗ ಆದಷ್ಟೂ ನೋವಿಲ್ಲ, ಸದ್ದು ಮಾತ್ರ ತಲೆಯ ಒಳಗೆ ಕೇಳ್ತದೆ. ಮರುದಿನ ಕೆನ್ನೆ ಬಾತು ಗುಂಡಗಾಗಿತ್ತು, ಗಂಜಿ ಊಟ. ನಾನು ಎರಡು ವಿಷಯ ಮೊದಲೇ ಬರೆಸಿಕೊಂಡಿದ್ದೆ. ಒಂದು, ದುಡ್ಡು ಒಟ್ಟಿಗೆ ಕೊಡುದಿಲ್ಲ, ಆ ದಿನ 25,000, ಉಳಿದದ್ದು ಕ್ಯಾಪ್ ಹಾಕುವಾಗ. ನಡುವೆ ಐದಾರು ತಿಂಗಳು ಕಾಯ್ಲಿಕ್ಕುಂಟು, ಪೂರ್ತಿ ಕೊಟ್ಟು ಕೂತ್ರೆ ಫೋನು ಎತ್ತುವವರಿಲ್ಲ ಅಂತಾದ್ರೆ ಎಂತ ಮಾಡುದು. ಎರಡು, ಒಂದು ವರ್ಷದ ಒಳಗೆ ಎಲುಬು ಹಿಡಿಯದೆ ಸ್ಕ್ರೂ ಬಿದ್ದು ಹೋದ್ರೆ ಯಾರ ಲೆಕ್ಕ. ಹತ್ತು ವರ್ಷ ಆದ್ರೂ ನೂರರಲ್ಲಿ ತೊಂಬತ್ತೈದರಷ್ಟು ಉಳೀತದೆ ಅಂತಾರೆ, ಆದ್ರೆ ಉಳಿದ ಐದರಲ್ಲಿ ನಾನೇ ಇದ್ರೆ? ಕಂಪನಿ ಗ್ಯಾರಂಟಿ ಅಂದ್ರೆ ಸಾಮಾನ್ಯವಾಗಿ ಆ ಪೀಸ್ ಮಾತ್ರ ಹೊಸತು ಕೊಡ್ತಾರೆ, ಡಾಕ್ಟ್ರ ಕೆಲಸದ ಚಾರ್ಜ್ ಅದರಲ್ಲಿ ಬರುದಿಲ್ಲ. ಇವರು ಪುಡಿಯ ಖರ್ಚು ಬಿಟ್ಟು ಉಳಿದದ್ದು ಫ್ರೀ ಅಂತ ಚೀಟಿಯಲ್ಲೇ ಬರ್ದು ಕೊಟ್ರು.

ಇನ್ಶೂರೆನ್ಸ್ ಆಸೆ ಯಾರಿಗಾದ್ರೂ ಇದ್ರೆ, ನಾನು ಏಜೆಂಟನ್ನು ಕೇಳಿದೆ, ಆಕ್ಸಿಡೆಂಟ್ ಆಗಿ ಹಲ್ಲು ಹೋದ್ರೆ ನೋಡುವ, ಅಡಿಕೆ ಕಚ್ಚಿ ಹೋದದ್ದಕ್ಕೆ ಇಲ್ಲ ಅಂತ ನಗಾಡಿದ.

ಅಕ್ಟೋಬರಿನಲ್ಲಿ ಕ್ಯಾಪ್ ಕೂರಿಸಿದ್ರು. ಅಂಟಿಸುವಂಥದ್ದು ಬೇಡ, ಸ್ಕ್ರೂ ಹಾಕಿ ಬಿಗಿಯುವಂಥದ್ದೇ ಹಾಕಿ ಅಂತ ಕೇಳಿಕೊಂಡಿದ್ದೆ, ಬಿಚ್ಚಿ ರಿಪೇರಿ ಮಾಡ್ಲಿಕ್ಕೆ ಸುಲಭ ಅಂತ. ಮೊತ್ತ ಹೀಗೆ: ಇಂಪ್ಲಾಂಟ್ ಕ್ಯಾಪ್ ಸೇರಿ 38,000, ಪುಡಿ 9,500, ಸ್ಕ್ಯಾನ್ 2,000, ರಕ್ತ ಪರೀಕ್ಷೆ 600, ಮಾತ್ರೆ ಬಾಯಿ ಮುಕ್ಕಳಿಸುವ ಮದ್ದು 700, ಏಳು ಸರ್ತಿ ತಲಪಾಡಿ ಗಡಿ ದಾಟಿ ಹೋಗಿ ಬಂದ ಬಸ್ಸು, ಚಾ ತಿಂಡಿ ಎಲ್ಲ 2,100. ಒಟ್ಟು 52,900. ಆ ಸರ್ತಿ ನನ್ನ ಹೊಸ ಚಾಲಿಗೆ ಕಿಲೋಗೆ 350 ಸಿಕ್ಕಿತ್ತು, ಭಾಗಿಸಿ ನೋಡಿ. 4,000ದ ಕ್ಯಾಪ್ 2016ರಲ್ಲೇ ಹಾಕಿಸಿದ್ರೆ ಅಂತ ಹೆಂಡತಿ ಈಗಲೂ ತಿಂಗಳಿಗೆ ಒಂದು ಸರ್ತಿಯಾದ್ರೂ ಹೇಳ್ತಾಳೆ.

ಕೊನೆ ದಿನ ನಾನು ಸ್ಕ್ರೂ ಬಂದ ಡಬ್ಬದ ಸ್ಟಿಕ್ಕರ್ ಕೇಳಿ ತಕೊಂಡೆ. ಅದರಲ್ಲಿ ಕಂಪನಿ, ಲಾಟ್ ನಂಬರ್, 4.5 ಮಿ.ಮೀ. ಅಗಲ 10 ಮಿ.ಮೀ. ಉದ್ದ ಅಂತ ಎಲ್ಲ ಉಂಟು. ಒಂದು ಕಾರ್ಡಿಗೆ ಅಂಟಿಸಿ ಸಹಿ ಹಾಕಿ ಕೊಟ್ರು, ನಾನು ಅದನ್ನು ಪಂಪಿನ ಬಿಲ್ಲು, ತೀರ್ವೆ ರಶೀದಿ ಎಲ್ಲ ಇರುವ ಬಿಸ್ಕೆಟ್ ಡಬ್ಬದಲ್ಲಿ ಹಾಕಿಟ್ಟೆ. 2024ರ ಡಿಸೆಂಬರಿನಲ್ಲಿ ಕ್ಯಾಪ್ ಸ್ವಲ್ಪ ಅಲ್ಲಾಡಿದ ಹಾಗೆ ಆಯ್ತು, ಎದೆ ಧಸಕ್ ಅಂತು. ಮಂಗಳೂರಿನ ಡಾಕ್ಟ್ರು ಊರಲ್ಲಿಲ್ಲ, ಇಲ್ಲಿ ಕೊಯ್ಲು ಶುರುವಾಗಿದೆ. ಕಾರ್ಡ್ ಜೇಬಿಗೆ ಹಾಕಿ ಕುಂಬಳೆಯಲ್ಲಿ ಒಬ್ಬ ಹುಡುಗ ಡಾಕ್ಟ್ರ ಹತ್ರ ಹೋದೆ. ಅವನು ಕಾರ್ಡ್ ನೋಡಿ, 'ಓ ಇದಾ, ಡ್ರೈವರ್ ಉಂಟು ನನ್ನತ್ರ' ಅಂತ ಡ್ರಾಯರ್ ಎಳೆದ. ಮೇಲಿನ ಫಿಲ್ಲಿಂಗ್ ತೆಗೆದು, ಸಣ್ಣ ರಿಂಚಿನ ಹಾಗಿದ್ದ ಒಂದರಲ್ಲಿ ಟಕ್ ಅನ್ನುವವರೆಗೆ ಬಿಗಿದು, ಪುನಃ ಮುಚ್ಚಿದ. ಹತ್ತು ನಿಮಿಷ. 500 ರುಪಾಯಿ ತಕೊಂಡ, ಹನ್ನೆರಡು ಗಂಟೆಯ ಬಸ್ಸಿಗೇ ತೋಟಕ್ಕೆ ವಾಪಸು ಬಂದೆ.