ಒಂದು ಮೊಬೈಲು, ಒಂದು ಮೈಕು, ಹತ್ತು ನಿಮಿಷದ ವಿಡಿಯೊ

ಕಿನ್ನಾಳದ ಕಟ್ಟಿಗೆ ಗೊಂಬೆ, ಸಿಂಧನೂರಿನ ಭತ್ತದ ನಾಟಿ, ಬಳ್ಳಾರಿಯ ಜೀನ್ಸ್ ಹೊಲಿಗೆ, ಮಸ್ಕಿಯ ಅಶೋಕನ ಶಾಸನ: ಇಂಥವುಗಳ ಮೇಲೆ ವಿಡಿಯೊ ಮಾಡಬೇಕು ಅನ್ನುವವರು ನಮ್ಮ ಭಾಗದಲ್ಲಿ ಬಹಳ ಮಂದಿ ಇದ್ದಾರೆ. ಎಲ್ಲರೂ ಮೊದಲು ಕೇಳುವುದು ಯಾವ ಕ್ಯಾಮೆರಾ ತಗೊಳ್ಳಬೇಕು ಅಂತ. ಕ್ಯಾಮೆರಾ ಬೇಡ. 1080 ಪಿ (ಫುಲ್ ಎಚ್‌ಡಿ) ವಿಡಿಯೊ ತೆಗೆಯುವ ಮೊಬೈಲು ಕೈಯಲ್ಲಿದ್ದರೆ ಸಾಕು. ಮೊದಲ ದುಡ್ಡು ಮೈಕಿಗೆ ಹೋಗಲಿ, ಎರಡನೆಯದು ಸ್ಟ್ಯಾಂಡಿಗೆ. ಚಿತ್ರ ಸ್ವಲ್ಪ ಮಂಕಾಗಿದ್ದರೂ ಜನ ನೋಡುತ್ತಾರೆ. ಮಾತು ಕೇಳದಿದ್ದರೆ ಅರ್ಧ ನಿಮಿಷವೂ ನಿಲ್ಲುವುದಿಲ್ಲ. ನಮ್ಮ ಸೀಮೆಯ ವಿಡಿಯೊದ ಜೀವಾಳವೇ ಮಾತು. ನಲವತ್ತು ವರ್ಷ ಒಂದೇ ಕಸಬು ಮಾಡಿದವರು ಅದನ್ನು ತಮ್ಮ ಬಾಯಲ್ಲಿ, ತಮ್ಮ ಧಾಟಿಯಲ್ಲಿ ಹೇಳುವುದನ್ನು ಬೇರೆ ಯಾರೂ ತೆಗೆದಿಡುವುದಿಲ್ಲ.

ಕಿನ್ನಾಳದಲ್ಲಿ ಗೊಂಬೆ ಮಾಡುವ ಚಿತ್ರಗಾರರ ಮನೆಯಲ್ಲಿ ಹತ್ತು ನಿಮಿಷದ ವಿಡಿಯೊ ಮಾಡುತ್ತೀರಿ ಎಂದುಕೊಳ್ಳೋಣ. ಕಸಬು ಬೇರೆಯಾದರೂ ಕ್ರಮ ಇದೇ.

ಮೈಕು

ಅಂಗಿಗೆ ಸಿಕ್ಕಿಸುವ ವೈರಿನ ಕಾಲರ್ ಮೈಕು ಸಾವಿರ ರೂಪಾಯಿಯೊಳಗೆ ಸಿಗುತ್ತದೆ. ವೈರು ಆರು ಮೀಟರಿನಷ್ಟು ಉದ್ದ ಇರುವುದನ್ನೇ ತನ್ನಿ, ಮೊಬೈಲನ್ನು ದೂರ ಇಡಲು ಬರುತ್ತದೆ. ಪಿನ್ನನ್ನು ನೋಡಿ: ಮೂರು ಕಪ್ಪು ಗೆರೆ ಇದ್ದರೆ ಅದು ಮೊಬೈಲಿನದು, ಎರಡೇ ಇದ್ದರೆ ಕ್ಯಾಮೆರಾದ್ದು. ಎರಡು ಗೆರೆಯ ಪಿನ್ನನ್ನು ಮೊಬೈಲಿಗೆ ಚುಚ್ಚಿದರೆ ಮೊಬೈಲು ಅದನ್ನು ಮೈಕು ಅಂತ ಗುರುತಿಸುವುದೇ ಇಲ್ಲ. ಇಯರ್‌ಫೋನ್ ತೂತಿಲ್ಲದ ಮೊಬೈಲಿಗೆ ಟೈಪ್-ಸಿ ಕನ್ವರ್ಟರ್ ಬೇಕು. ಹಾಡು ಕೇಳಲಷ್ಟೇ ಬರುವ ಅಗ್ಗದ ಕನ್ವರ್ಟರಿನಲ್ಲಿ ಮೈಕು ಕೆಲಸ ಮಾಡುವುದಿಲ್ಲ, ಅಂಗಡಿಯಲ್ಲೇ ಮೈಕು ಹಚ್ಚಿ ನೋಡಿ ಕೊಳ್ಳಿ. ಕೆಲವು ಮೈಕಿಗೆ ಸಣ್ಣದೊಂದು ಸ್ವಿಚ್ ಇರುತ್ತದೆ, ಅದು ಮೊಬೈಲ್ ಕಡೆಗೆ ಇರಬೇಕು.

ಇಲ್ಲಿ ಆಗುವ ದೊಡ್ಡ ಮೋಸ ಎಂದರೆ, ಮೈಕು ಸಿಕ್ಕಿಸಿರುತ್ತೀರಿ, ಆದರೆ ಮೊಬೈಲು ತನ್ನದೇ ಮೈಕಿನಿಂದ ದನಿ ತೆಗೆದುಕೊಂಡಿರುತ್ತದೆ. ಮನೆಗೆ ಬಂದ ಮೇಲೆ ಗೊತ್ತಾಗುತ್ತದೆ. ಪರೀಕ್ಷೆ ಸುಲಭ. ರೆಕಾರ್ಡಿಂಗ್ ಶುರು ಮಾಡಿ, ಕಾಲರ್ ಮೈಕಿನ ತುದಿಯನ್ನು ಉಗುರಿನಿಂದ ಮೂರು ಸಲ ಕೆರೆಯಿರಿ, ನಿಲ್ಲಿಸಿ, ಕೇಳಿ. ಕೆರೆದ ಸದ್ದು ಕಿವಿಗೆ ಹತ್ತಿರ, ದೊಡ್ಡದಾಗಿ ಬಂದರೆ ಸರಿ. ದೂರದಲ್ಲೆಲ್ಲೋ ಸರಸರ ಅಂದರೆ ಮೊಬೈಲಿನ ಮೈಕೇ ನಡೆಯುತ್ತಿದೆ. ಪ್ರತಿ ಸಲ ಪಿನ್ ತೆಗೆದು ಹಾಕಿದಾಗಲೂ ಈ ಪರೀಕ್ಷೆ ಮಾಡಲೇಬೇಕು.

ಮೈಕು ಗದ್ದದಿಂದ ಒಂದು ಗೇಣು ಕೆಳಗೆ ಇರಲಿ. ಶಲ್ಯದ ಒಳಗೆ ಮುಚ್ಚಿದರೆ ಬಟ್ಟೆ ಉಜ್ಜುವ ಸದ್ದೇ ತುಂಬುತ್ತದೆ. ಹೆಣ್ಣುಮಕ್ಕಳಿಗೆ ಹಾಕುವಾಗ ತಾಳಿ ಸರ ತಗುಲದ ಹಾಗೆ ಸೆರಗಿನ ಅಂಚಿಗೆ ಸಿಕ್ಕಿಸಲು ಅವರಿಗೇ ಕೊಡಿ. ಕ್ಲಿಪ್ಪಿನ ಕೆಳಗೆ ವೈರನ್ನು ಒಂದು ಸುತ್ತು ಸುತ್ತಿ ಬಿಟ್ಟರೆ ಎಳೆದಾಗ ಆಗುವ ಗಡಗಡ ತಪ್ಪುತ್ತದೆ.

ದನಿಯ ಮಟ್ಟ ತೋರಿಸುವ ಆ್ಯಪ್ ಇದ್ದರೆ, ಮಾತಿನ ಏರು ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲಬೇಕು. ಸೊನ್ನೆ ಮುಟ್ಟಿದರೆ ದನಿ ಒಡೆಯುತ್ತದೆ, ಒಡೆದದ್ದನ್ನು ಆಮೇಲೆ ಸರಿ ಮಾಡಲು ಬರುವುದಿಲ್ಲ. ಉಳಿಯ ಮೇಲೆ ಸುತ್ತಿಗೆ ಬಿದ್ದಾಗ ಮಾತಿಗಿಂತ ಎಷ್ಟೋ ಪಟ್ಟು ಜೋರು ಸದ್ದು ಬರುತ್ತದೆ. ಹಾಗಾಗಿ ಕೆತ್ತನೆ ಬೇರೆ ತೆಗೆಯಿರಿ, ಮಾತು ಬೇರೆ ತೆಗೆಯಿರಿ. ಕೆತ್ತುತ್ತ ಮಾತಾಡಿ ಎಂದರೆ ಎರಡೂ ಕೆಡುತ್ತವೆ.

ತಗಡಿನ ಮಾಡು, ಬಂಡೆ ಹಾಸಿದ ನೆಲ, ಬರಿಗೋಡೆ ಇರುವ ಕೋಣೆಯಲ್ಲಿ ಮಾತು ಗುಂಯ್ ಎನ್ನುತ್ತದೆ. ಇದಕ್ಕೆ ಮದ್ದು ಪ್ರತಿ ಮನೆಯಲ್ಲೂ ಇದೆ: ಕೌದಿ. ಒಂದನ್ನು ನೆಲಕ್ಕೆ ಹಾಸಿ, ಎರಡನ್ನು ಮಾತಾಡುವವರ ಎದುರಿನ ಗೋಡೆಗೆ, ಅಂದರೆ ಮೊಬೈಲಿನ ಹಿಂದೆ, ಹಗ್ಗದ ಮೇಲೆ ಇಳಿಬಿಡಿ. ಹಳೇ ಬಟ್ಟೆಯ ಪದರ ಪದರ ಸೇರಿಸಿ ಹೊಲಿದ ದಪ್ಪ ಕೌದಿ ದನಿಯನ್ನು ಹೀರಿಕೊಳ್ಳುತ್ತದೆ. ಫ್ಯಾನು ಬಂದ್ ಮಾಡಿ. ಮಾತು ಮುಗಿದ ಮೇಲೆ ಯಾರೂ ಮಾತಾಡದೆ ಆ ಕೋಣೆಯ ಬರೀ ಸದ್ದನ್ನು 20 ಸೆಕೆಂಡು ತೆಗೆದಿಟ್ಟುಕೊಳ್ಳಿ. ಎಡಿಟಿಂಗಿನಲ್ಲಿ ಮಾತು ಕತ್ತರಿಸಿದ ಜಾಗ ಥಟ್ಟನೆ ಸ್ತಬ್ಧವಾಗುವುದನ್ನು ಮುಚ್ಚಲು ಅದೇ ಬೇಕಾಗುತ್ತದೆ. ಹೊಲದಲ್ಲಿ, ಬೆಟ್ಟದ ಮೇಲೆ ಗಾಳಿ ತಡೆಯಲು ಮೈಕಿಗೆ ಫೋಮಿನ ಟೋಪಿ ಸಾಲದು, ಕೂದಲಿರುವ ಗವಸೇ ಬೇಕು. ಅದಿಲ್ಲದಿದ್ದರೆ ಮಾತಾಡುವವರು ಗಾಳಿಗೆ ಬೆನ್ನು ಮಾಡಿ ನಿಲ್ಲಲಿ.

ಬೆಳಕು, ಬಿಸಿಲು

ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುತ್ತದೆ. ನೇರ ಬಿಸಿಲಿನಲ್ಲಿ ಹಿಡಿದ ಮೊಬೈಲು ಕಾದು ಮೊದಲು ಪರದೆ ಮಂಕು ಮಾಡುತ್ತದೆ, ಆಮೇಲೆ ಕ್ಯಾಮೆರಾವನ್ನೇ ನಿಲ್ಲಿಸುತ್ತದೆ. ಹಿಂಬದಿಯ ಕವರ್ ತೆಗೆಯಿರಿ, ಏರ್‌ಪ್ಲೇನ್ ಮೋಡ್ ಹಾಕಿ, ಚಾರ್ಜ್ ಮಾಡುತ್ತ ತೆಗೆಯಬೇಡಿ, ಛತ್ರಿ ಹಿಡಿಸಿ. ಏರ್‌ಪ್ಲೇನ್ ಮೋಡಿನಿಂದ ನಡುವೆ ಫೋನು ಬಂದು ರೆಕಾರ್ಡಿಂಗ್ ನಿಲ್ಲುವುದೂ ತಪ್ಪುತ್ತದೆ. ಹೊರಗಿನ ಕೆಲಸ ಬೆಳಿಗ್ಗೆ ಒಂಬತ್ತರೊಳಗೆ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ.

ಬಿಳಿ ರುಮಾಲು, ಬಿಳಿ ಅಂಗಿಯವರನ್ನು ತೆಗೆಯುವಾಗ ಮೊಬೈಲು ಬಿಳಿಯನ್ನು ನೋಡಿ ಬೆಳಕು ಇಳಿಸುತ್ತದೆ, ಮುಖ ಕಪ್ಪಾಗುತ್ತದೆ. ಮುಖದ ಮೇಲೆ ಬೆರಳು ಒತ್ತಿ ಹಿಡಿದು ಬೆಳಕು ಮತ್ತು ಫೋಕಸ್ ಲಾಕ್ ಮಾಡಿ, ಆಮೇಲೆ ರುಮಾಲಿನ ಮಡಿಕೆ ಕಾಣುವಷ್ಟು ಮಾತ್ರ ತುಸು ಇಳಿಸಿ. ಮನೆಯೊಳಗೆ ಬಾಗಿಲ ಬೆಳಕೇ ಸಾಕು. ಬಾಗಿಲು ಮಾತಾಡುವವರ ಪಕ್ಕಕ್ಕಿರಲಿ, ಬೆನ್ನಿಗೆ ಬೇಡ.

ಎಲ್ಇಡಿ ಬಲ್ಬು, ಟ್ಯೂಬ್‌ಲೈಟ್ ಇರುವಲ್ಲಿ ಪರದೆಯ ಮೇಲೆ ಕಪ್ಪು ಪಟ್ಟಿಗಳು ತೇಲುತ್ತವೆ. ನಮ್ಮ ಕರೆಂಟು 50 ಹರ್ಟ್ಸ್, ಆದ್ದರಿಂದ ಬಲ್ಬು ಸೆಕೆಂಡಿಗೆ 100 ಸಲ ಮಿನುಗುತ್ತದೆ. ಪ್ರೊ ವಿಡಿಯೊ ಮೋಡಿನಲ್ಲಿ ಶಟರನ್ನು, ಅಂದರೆ ಒಂದೊಂದು ಚಿತ್ರಕ್ಕೆ ಬೆಳಕು ಬಿಡುವ ಹೊತ್ತನ್ನು, ಸೆಕೆಂಡಿನ 1/50 ಅಥವಾ 1/100ಕ್ಕೆ ಇಟ್ಟರೆ ಪ್ರತಿ ಚಿತ್ರಕ್ಕೂ ಇಡಿ ಇಡಿಯಾದ ಮಿನುಗು ಸಿಕ್ಕಿ ಪಟ್ಟಿ ಹೋಗುತ್ತದೆ. 1/60ರಲ್ಲಿ ಹೋಗುವುದಿಲ್ಲ.

ಏನು ಕೇಳಬೇಕು, ಏನು ತೆಗೆಯಬೇಕು

ಹೌದು, ಇಲ್ಲ ಎಂದು ಮುಗಿಯುವ ಪ್ರಶ್ನೆ ಬೇಡ. "ಕಾಕಾ, ಇದು ಹಗುರ ಕಟ್ಟಿಗಿ ಏನ್ರಿ?" ಎಂದರೆ "ಹೌದ್ರಿ" ಎಂದು ಮುಗಿಯುತ್ತದೆ. "ಕಾಕಾ, ಕಟ್ಟಿಗಿ ಆರಿಸೋದು ಹ್ಯಾಂಗ್ರಿ, ಸ್ವಲ್ಪ ಹೇಳ್ರಿ" ಎಂದರೆ ಎರಡು ನಿಮಿಷದ ಮಾತು ಬರುತ್ತದೆ. ಅವರು ಮುಗಿಸಿದ ಮೇಲೂ ಮೂರು ಸೆಕೆಂಡು ಸುಮ್ಮನಿರಿ. ಒಳ್ಳೆಯ ಮಾತು ಎಷ್ಟೋ ಸಲ ಆ ಸುಮ್ಮನಿರುವ ಹೊತ್ತಿನಲ್ಲೇ ಬರುತ್ತದೆ. ಅವರನ್ನು ಪುಸ್ತಕದ ಕನ್ನಡಕ್ಕೆ ತಿರುಗಿಸಲು ಹೋಗಬೇಡಿ, ನೀವೂ ತಿರುಗಬೇಡಿ. ಕ್ಯಾಮೆರಾ ಕಂಡ ಕೂಡಲೇ ಬೆಂಗಳೂರಿನ ಟಿವಿ ಧಾಟಿಗೆ ಹೊರಳಿದವರ ಮಾತಿನಲ್ಲಿ ಕಸಬಿನ ಶಬ್ದಗಳು ಮೊದಲು ಬಿದ್ದುಹೋಗುತ್ತವೆ.

ಮಾತು ಮುಗಿದ ಮೇಲೆ ಕೈಕೆಲಸ. ಒಂದೊಂದು ಕೆಲಸವನ್ನು ಮೂರು ದೂರದಿಂದ ತೆಗೆಯಿರಿ: ಇಡೀ ಕೋಣೆ, ಸೊಂಟದ ಮೇಲೆ, ಬೆರಳು ಮಾತ್ರ. ಪ್ರತಿಯೊಂದೂ ಕನಿಷ್ಠ 10 ಸೆಕೆಂಡು, ಮೊಬೈಲು ಅಲುಗದಂತೆ. ಹುಣಸೆ ಬೀಜದ ಅಂಟು ಕಲಸುವುದು, ಅದನ್ನು ಗೊಂಬೆಗೆ ಹಚ್ಚುವ ಬೆರಳು, ಒಣಗಲು ಇಟ್ಟದ್ದು, ಬಣ್ಣದ ಕುಂಚದ ತುದಿ. ಝೂಮ್ ಮಾಡಬೇಡಿ, ಮೊಬೈಲು ಹಿಡಿದು ಹತ್ತಿರ ಹೋಗಿ. ಮಾತಿನ ನಡುವೆ ಕತ್ತರಿಸಿದ ಜಾಗಗಳನ್ನೆಲ್ಲ ಮುಚ್ಚುವುದು ಈ ಚಿತ್ರಗಳೇ.

ಬಳ್ಳಾರಿ ಕೋಟೆ, ಇಟಗಿಯ ಮಹಾದೇವ ದೇವಾಲಯದಂಥ ಪುರಾತತ್ವ ಇಲಾಖೆಯ ಸ್ಥಳದಲ್ಲಿ ಸ್ಟ್ಯಾಂಡ್ ಹೂಡುವ ಮುಂಚೆ ಅನುಮತಿ ಕೇಳಿ. ಡ್ರೋನನ್ನು, ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಆ ಜಾಗ ಹಸಿರೋ (ಹಾರಿಸಬಹುದು) ಕೆಂಪೋ (ಹಾರಿಸಬಾರದು) ನೋಡದೆ ಹಾರಿಸಲೇಬೇಡಿ.

ಕತ್ತರಿ ಕೆಲಸ

1080 ಪಿ ವಿಡಿಯೊ ಸೆಕೆಂಡಿಗೆ 17 ಮೆಗಾಬಿಟ್ ಇದ್ದರೆ ನಿಮಿಷಕ್ಕೆ ಸುಮಾರು 130 ಎಂಬಿ, ಗಂಟೆಗೆ 7.5 ಜಿಬಿ ದಾಟುತ್ತದೆ. ಹೊರಡುವ ಮುಂಚೆ 16 ಜಿಬಿ ಖಾಲಿ ಮಾಡಿಕೊಳ್ಳಿ. ಕಂಪ್ಯೂಟರಿಗೆ ಕೇಬಲ್ಲಿನಿಂದಲೇ ಹಾಕಿ. ವಾಟ್ಸ್ಆ್ಯಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಹಿಂಡಿ ಕುಗ್ಗಿಸುತ್ತದೆ. ಕಳಿಸಲೇಬೇಕಾದರೆ ಡಾಕ್ಯುಮೆಂಟ್ ಆಗಿ ಕಳಿಸಿ, 2 ಜಿಬಿವರೆಗೆ ಹೋಗುತ್ತದೆ. ಮೂಲ ಫೈಲು ಎರಡು ಕಡೆ ಕೂತ ಮೇಲೆಯೇ ಮೊಬೈಲಿನಿಂದ ಅಳಿಸಿ.

ಎಡಿಟಿಂಗಿಗೆ ಕಂಪ್ಯೂಟರಿನಲ್ಲಿ ಕೆಡೆನ್‌ಲೈವ್, ಶಾಟ್‌ಕಟ್, ಡಾವಿಂಚಿ ರಿಸಾಲ್ವ್ ಪುಕ್ಕಟೆ ಸಿಗುತ್ತವೆ. ಮೊದಲ ನಿಮಿಷ ಸರಿ ಇದ್ದು ಹೋಗ್ತಾ ಹೋಗ್ತಾ ತುಟಿಗೂ ಮಾತಿಗೂ ತಾಳ ತಪ್ಪಿದರೆ ಕಾರಣ ಮೊಬೈಲು. ಅದು ಫ್ರೇಮುಗಳನ್ನು, ಅಂದರೆ ವಿಡಿಯೊದ ಬಿಡಿ ಚಿತ್ರಗಳನ್ನು, ಒಂದೇ ವೇಗದಲ್ಲಿ ಬರೆಯುವುದಿಲ್ಲ, ಬೆಳಕು ಕಡಿಮೆಯಾದಾಗ, ಕಾದಾಗ ವೇಗ ಏರಿಳಿಯುತ್ತದೆ. ಹ್ಯಾಂಡ್‌ಬ್ರೇಕ್ ತಂತ್ರಾಂಶದಲ್ಲಿ ಫ್ರೇಮ್ ರೇಟ್ 30, ಕಾನ್‌ಸ್ಟಂಟ್ ಎಂದು ಆರಿಸಿ ಒಮ್ಮೆ ಪರಿವರ್ತಿಸಿ ಆಮೇಲೆ ಎಡಿಟ್ ಮಾಡಿ.

ಚಿತ್ರ ನೋಡದೆ ಮೊದಲು ಮಾತನ್ನಷ್ಟೇ ಜೋಡಿಸಿ. ಕಣ್ಣು ಮುಚ್ಚಿ ಕೇಳಿದಾಗ ಹತ್ತು ನಿಮಿಷ ಅರ್ಥವಾಗಿ ಸಾಗಿದರೆ ಆಮೇಲೆ ಮೇಲೆ ಕೈಕೆಲಸದ ಚಿತ್ರ ಹಾಸಿ. ಮಾತಿನ ಕೆಳಗೆ ಹಿನ್ನೆಲೆ ಸಂಗೀತ ಬೇಕೇ ಬೇಕು ಎಂದೇನಿಲ್ಲ. ಉಳಿಯ ಟಕ್ ಟಕ್ ಅದಕ್ಕಿಂತ ಚೆನ್ನ.

ಪರದೆಯ ಮೇಲೆ ಕನ್ನಡ

ನುಡಿ, ಬರಹದ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಎಡಿಟಿಂಗಿಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತದೆ. ಯೂನಿಕೋಡಿನಲ್ಲೇ, ಅಂದರೆ ಎಲ್ಲ ಕಡೆ ಕನ್ನಡವಾಗಿಯೇ ಕಾಣುವ ಅಕ್ಷರದಲ್ಲಿ, ಟೈಪ್ ಮಾಡಿ. ಫಾಂಟಿಗೆ ನೋಟೊ ಸಾನ್ಸ್ ಕನ್ನಡ, ಬಾಲೂ ತಮ್ಮ ಇವೆ, ಎರಡೂ ಪುಕ್ಕಟೆ. ಆದರೂ ಕೆಲವು ತಂತ್ರಾಂಶದಲ್ಲಿ ಒತ್ತಕ್ಷರ ಒಡೆದು "ಅಕ್ಕ" ಎಂಬುದು "ಅಕ್‌ಕ" ಆಗುತ್ತದೆ. ಆಗ ಚಿತ್ರ ಬಿಡಿಸುವ ತಂತ್ರಾಂಶ ಇಂಕ್‌ಸ್ಕೇಪಿನಲ್ಲಿ ಅಕ್ಷರ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿ ವಿಡಿಯೊ ಮೇಲೆ ಕೂರಿಸಿ. ಸಾಲುಗಳ ನಡುವೆ ಅಂತರ ಹೆಚ್ಚು ಬಿಡಿ, ಇಲ್ಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ.

ಸಬ್‌ಟೈಟಲ್ ಹಾಕಿ. ನಮ್ಮ ಮಾತು ಮೈಸೂರು, ಮಂಗಳೂರಿನವರಿಗೂ ತಲುಪುತ್ತದೆ, ಕಿವಿ ಕೇಳದವರಿಗೂ ತಲುಪುತ್ತದೆ. ನೋಟ್‌ಪ್ಯಾಡ್ ಸಾಕು. ಕ್ರಮಸಂಖ್ಯೆ, ಕೆಳಗೆ ಸಮಯ, ಕೆಳಗೆ ಮಾತು, ಒಂದು ಖಾಲಿ ಸಾಲು:

1
00:01:12,300 --> 00:01:15,800
ಮದ್ಲ ಕಟ್ಟಿಗಿ ನೆಳ್ಳಾಗ ಒಣಗಸ್ತೀವ್ರಿ

ಸೆಕೆಂಡಾದ ಮೇಲೆ ಅಲ್ಪವಿರಾಮ ಇರಬೇಕು, ಚುಕ್ಕಿಯಲ್ಲ. ಉಳಿಸುವಾಗ ಎನ್‌ಕೋಡಿಂಗ್ ಯುಟಿಎಫ್-8 ಆರಿಸಿ, ಹೆಸರಿನ ಕೊನೆಗೆ ಡಾಟ್ ಎಸ್ಆರ್‌ಟಿ. ಆನ್ಸಿ ಎಂದು ಉಳಿಸಿದರೆ ಕನ್ನಡವೆಲ್ಲ ಪ್ರಶ್ನೆಚಿಹ್ನೆ ಆಗುತ್ತದೆ. ಅವರು ಆಡಿದ ಹಾಗೇ ಬರೆಯಿರಿ, ತಿದ್ದಬೇಡಿ.

ಹಾಡಿನ ಹಕ್ಕು

ಜಾತ್ರೆಯಲ್ಲಿ ಲೌಡ್‌ಸ್ಪೀಕರಿನ ಸಿನಿಮಾ ಹಾಡು ಹಿಂದೆ ಕೇಳಿಸಿದರೂ ಹಾಡು ಗುರುತಿಸುವ ಯೂಟ್ಯೂಬಿನ ಕಂಟೆಂಟ್ ಐಡಿ ಹಿಡಿಯುತ್ತದೆ. ಇದು ಕ್ಲೇಮ್, ಜಾಹೀರಾತಿನ ದುಡ್ಡು ಹಾಡಿನ ಒಡೆಯರಿಗೆ ಹೋಗಬಹುದು, ಕೆಲವು ಸಲ ವಿಡಿಯೊವನ್ನೇ ತಡೆಯಬಹುದು; ಯೂಟ್ಯೂಬ್ ಸ್ಟುಡಿಯೊದಲ್ಲೇ ಆ ತುಣುಕಿನ ದನಿ ತೆಗೆಯಬಹುದು. ಸ್ಟ್ರೈಕ್ ಬೇರೆ, ಹಕ್ಕಿನವರು ದೂರು ಕೊಟ್ಟು ವಿಡಿಯೊ ತೆಗೆಸಿದಾಗ ಬೀಳುವಂಥದ್ದು: 90 ದಿನದೊಳಗೆ ಮೂರು ಬಿದ್ದರೆ ಚಾನೆಲ್ಲೇ ಹೋಗುತ್ತದೆ. ದಾಸರ ಪದ, ತತ್ವಪದದ ಸಾಹಿತ್ಯ ಹಳೆಯದು, ಅದಕ್ಕೆ ಹಕ್ಕಿಲ್ಲ. ಆದರೆ ಅದರ ಧ್ವನಿಮುದ್ರಣಕ್ಕೆ ಪ್ರಕಟವಾದಾಗಿನಿಂದ 60 ವರ್ಷ ಹಕ್ಕಿದೆ. ಊರಿನ ಭಜನಾ ಮಂಡಳಿಯವರಿಂದ ಹಾಡಿಸಿ, ಹಾಡಿದವರ ಒಪ್ಪಿಗೆಯನ್ನು ಕ್ಯಾಮೆರಾದಲ್ಲೇ ಕೇಳಿ ಇಟ್ಟುಕೊಳ್ಳಿ, ಹೆಸರು ಹಾಕಿ.

ಏರಿಸುವುದು, ಹಂಚುವುದು

ಎಡಿಟಿಂಗಿನಿಂದ ಫೈಲು ಹೊರತೆಗೆಯುವಾಗ ಹೀಗೆ ಆರಿಸಿ: 1080 ಪಿ, ಎಚ್.264, ಚಿತ್ರ ಸೆಕೆಂಡಿಗೆ 8 ಮೆಗಾಬಿಟ್, ದನಿ 48 ಕಿಲೋಹರ್ಟ್ಸ್. ಹತ್ತು ನಿಮಿಷಕ್ಕೆ 600 ಎಂಬಿ. ಅಪ್‌ಲೋಡ್ ವೇಗ ಸೆಕೆಂಡಿಗೆ 5 ಮೆಗಾಬಿಟ್ ಸಿಕ್ಕರೆ 16 ನಿಮಿಷ ಬೇಕು. ಫೋನ್ ನಂಬರ್ ದೃಢೀಕರಿಸದ ಖಾತೆಯಲ್ಲಿ 15 ನಿಮಿಷಕ್ಕಿಂತ ಉದ್ದದ್ದು ಏರುವುದಿಲ್ಲ, ವಿಡಿಯೊದ ಮುಖಚಿತ್ರವಾಗಿ ಸ್ವಂತ ಥಂಬ್‌ನೇಲೂ ಕೂರುವುದಿಲ್ಲ. ಥಂಬ್‌ನೇಲ್ ಅಳತೆ 1280×720. ಅದರ ಬಲಗಡೆ ಕೆಳಮೂಲೆಯಲ್ಲಿ ವಿಡಿಯೊ ಅವಧಿ ಕೂರುತ್ತದೆ, ಅಲ್ಲಿ ಅಕ್ಷರ ಹಾಕಬೇಡಿ. ವಿವರಣೆಯಲ್ಲಿ ಊರು, ತಾಲ್ಲೂಕು, ಜಿಲ್ಲೆ ಬರೆಯಿರಿ, ಊರಿನ ಹೆಸರು ಇಂಗ್ಲಿಷ್ ಅಕ್ಷರದಲ್ಲೂ ಇರಲಿ. ಹುಡುಕುವವರು ಎರಡೂ ರೀತಿ ಹುಡುಕುತ್ತಾರೆ.

ಊರಿನ ಗುಂಪುಗಳಿಗೆ ಬರೀ ಲಿಂಕ್ ಹಾಕಿದರೆ ಒತ್ತುವವರು ಕಡಿಮೆ. ಒಂದು ನಿಮಿಷದ ತುಣುಕು, 720 ಪಿ, ಸೆಕೆಂಡಿಗೆ 1.5 ಮೆಗಾಬಿಟ್, ಸುಮಾರು 11 ಎಂಬಿ ಆಗುತ್ತದೆ. ಸಬ್‌ಟೈಟಲನ್ನು ಚಿತ್ರದ ಮೇಲೇ ಅಚ್ಚು ಹಾಕಿ, ಕೆಳಗೆ ಪೂರ್ತಿ ವಿಡಿಯೊದ ಲಿಂಕ್ ಕೊಡಿ. ಚಾನೆಲ್ ಒಂದನ್ನೇ ನಂಬಬೇಡಿ. ಖಾತೆ ಕಳೆದರೆ ವರ್ಷಗಳ ಕೆಲಸ ಒಂದೇ ದಿನ ಹೋಗುತ್ತದೆ. ಪೂರ್ತಿ ವಿಡಿಯೊ, ಎಸ್ಆರ್‌ಟಿ ಎರಡನ್ನೂ ಇಂಟರ್ನೆಟ್ ಆರ್ಕೈವ್ ಎಂಬ ಸಂಗ್ರಹ ಜಾಲತಾಣಕ್ಕೂ ಏರಿಸಿ, ಪುಕ್ಕಟೆ.

ಯೂಟ್ಯೂಬಿನ ಜಾಹೀರಾತಿನ ದುಡ್ಡಿಗೆ 1000 ಚಂದಾದಾರರು, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಬೇಕು. ಉದ್ದದ ವಿಡಿಯೊದ ಜಾಹೀರಾತಿನಲ್ಲಿ ಶೇ 55 ನಿಮಗೆ. ಗಳಿಕೆ 10 ಡಾಲರ್ ಮುಟ್ಟಿದಾಗ ವಿಳಾಸ ಪರೀಕ್ಷೆಯ ಗುಟ್ಟಿನ ಸಂಖ್ಯೆ (ಪಿನ್) ಗೂಗಲ್‌ನಿಂದ ಸಾದಾ ಅಂಚೆಯಲ್ಲಿ ಬರುತ್ತದೆ. ಹಳ್ಳಿಯ ವಿಳಾಸದಲ್ಲಿ ಓಣಿ, ಅಂಚೆ, ತಾಲ್ಲೂಕು, ಪಿನ್‌ಕೋಡ್ ಪೂರ್ತಿ ಬರೆದು, ಪೋಸ್ಟ್‌ಮ್ಯಾನಿಗೆ ಮೊದಲೇ ಹೇಳಿಡಿ. 100 ಡಾಲರ್ ಆಗುವವರೆಗೆ ದುಡ್ಡು ಖಾತೆಗೆ ಬರುವುದಿಲ್ಲ.

ಏರಿಸಿದ ಕೂಡಲೇ ಪಬ್ಲಿಕ್ ಮಾಡಬೇಡಿ, ಲಿಂಕ್ ಇದ್ದವರಿಗಷ್ಟೇ ಕಾಣುವ ಹಾಗೆ ಅನ್‌ಲಿಸ್ಟೆಡ್ ಇಡಿ. ಲಿಂಕ್ ಹಿಡಿದು ಆ ಮನೆಗೆ ಹೋಗಿ ಎಲ್ಲರನ್ನೂ ಕೂರಿಸಿ ತೋರಿಸಿ. ಹೆಸರಿನ ಕಾಗುಣಿತ, ಉಪಕರಣದ ಹೆಸರು, ಯಾವ ಕೆಲಸ ಮೊದಲು ಯಾವುದು ಆಮೇಲೆ, ತಪ್ಪಿದ್ದರೆ ಅವರೇ ಹೇಳುತ್ತಾರೆ. ಬೇಡ ಎಂದ ಮಾತನ್ನು ತೆಗೆಯಲೂ ಆಗಲೇ ಹೊತ್ತು. ಒಮ್ಮೆ ಏರಿದ ಫೈಲಿನ ಜಾಗಕ್ಕೆ ಅದೇ ಲಿಂಕಿನಲ್ಲಿ ಬೇರೆ ಫೈಲು ಕೂರಿಸಲು ಯೂಟ್ಯೂಬಿನಲ್ಲಿ ಬರುವುದಿಲ್ಲ. ತಿದ್ದಿದ್ದನ್ನು ಹೊಸದಾಗಿ ಏರಿಸಿ, ಹಳೆಯದನ್ನು ಅಳಿಸಿ, ಆಮೇಲೆ ಪಬ್ಲಿಕ್ ಒತ್ತಿ.