ಬಣ್ಣ ಹಚ್ಚುವ ಮೊದಲು ಕಿಟಕಿ ನೋಡಿ

ಕ್ರಿಸ್‌ಮಸ್ ರಜೆ ಬಂದರೆ ಸಾಕು, ಮಕ್ಕಳಿಗೆ ಮಲಗುವ ಕೋಣೆಯನ್ನು ಹೊಸದು ಮಾಡುವ ಹುಮ್ಮಸ್ಸು ಹತ್ತುತ್ತದೆ. ಹುಮ್ಮಸ್ಸು ಒಳ್ಳೆಯದೇ. ಮಾಡುವ ರೀತಿ ನೋಡಿದರೆ ಮಾತ್ರ ಮೈ ಉರಿಯುತ್ತದೆ. ಮೊಬೈಲಿನಲ್ಲಿ ಯಾರದೋ ಕೋಣೆಯ ಚಿತ್ರ ನೋಡುವುದು, ಅದೇ ಬಣ್ಣದ ನಂಬರು ಹೇಳಿ ಡಬ್ಬ ತರುವುದು, ಹಳೆಯ ಸುಣ್ಣದ ಮೇಲೆಯೇ ರೋಲರ್ ಉರುಳಿಸುವುದು. ಆಮೇಲೆ ರಾತ್ರಿ ಟ್ಯೂಬ್‌ಲೈಟ್ ಹಾಕಿಕೊಂಡು ಫೋಟೋ ತೆಗೆದು, ‘ಅಂದುಕೊಂಡ ಹಾಗೆ ಬರಲೇ ಇಲ್ಲ’ ಎಂದು ಮುಖ ಊದಿಸಿಕೊಂಡು ಕೂರುವುದು. ಹೇಗೆ ಬಂದೀತು? ಗೋಡೆಯ ಬಣ್ಣ ಅರ್ಧ ಡಬ್ಬದಲ್ಲಿದ್ದರೆ ಇನ್ನರ್ಧ ಕಿಟಕಿಯಲ್ಲಿದೆ. ಫೋಟೋ ಕಥೆಯೂ ಅಷ್ಟೇ.

ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುತ್ತಾನೆ. ಬೆಂಗಳೂರು, ಮೈಸೂರಿನ ಕಡೆ 21-22ನೇ ತಾರೀಕಿನ ನಡುಮಧ್ಯಾಹ್ನವೂ ಅವನು ನೆತ್ತಿಗೆ ಬರುವುದಿಲ್ಲ, ಸುಮಾರು 54 ಡಿಗ್ರಿ ಎತ್ತರದಲ್ಲೇ ನಿಲ್ಲುತ್ತಾನೆ. ಅದಕ್ಕೇ ದಕ್ಷಿಣಕ್ಕೆ ಕಿಟಕಿ ಇರುವ ಕೋಣೆಯಲ್ಲಿ ಈಗ ಬಿಸಿಲು ನೆಲದ ಮೇಲೆ ಚಾಪೆ ಹಾಸಿದಂತೆ ಬಿದ್ದಿರುತ್ತದೆ. ಅದೇ ಕಿಟಕಿಯಲ್ಲಿ ಜೂನ್ ತಿಂಗಳಲ್ಲಿ ಒಂದು ಗೆರೆ ಬಿಸಿಲೂ ಬೀಳದು, ಏಕೆಂದರೆ ಆಗ ಸೂರ್ಯ ನಮ್ಮ ಉತ್ತರಕ್ಕೆ ಹೋಗಿರುತ್ತಾನೆ. ಮೇಲೆ ಮಳೆಗಾಲದ ಮೋಡ ಬೇರೆ. ಈಗಿನ ಬೆಳಕಿಗೆ ಮರುಳಾಗಿ ಗಾಢ ಬಣ್ಣ ಆರಿಸಿದರೆ ಮಳೆಗಾಲದ ನಾಲ್ಕು ತಿಂಗಳು ಕೋಣೆ ಗವಿಯಾಗುತ್ತದೆ. ಉತ್ತರದ ಕಿಟಕಿಯ ಬೆಳಕು ತಣ್ಣಗೆ, ಸ್ವಲ್ಪ ನೀಲಿಯಾಗಿರುತ್ತದೆ. ಅಲ್ಲಿ ಬೂದು ಬಣ್ಣ ಹಚ್ಚಿದರೆ ಆಸ್ಪತ್ರೆಯ ವಾರ್ಡಿನ ಹಾಗೆ ಕಾಣುತ್ತದೆ, ಕೆನೆಬಣ್ಣ ಚೆನ್ನಾಗಿ ಒಪ್ಪುತ್ತದೆ. ಪಡುವಣ ಕಿಟಕಿಗೆ ಹಳದಿ, ನಸುಗೆಂಪು ಬೇಡ, ಸಂಜೆ ಐದಕ್ಕೆ ಕಣ್ಣಿಗೆ ಹೊಡೆಯುತ್ತದೆ.

ಬಣ್ಣ ಆರಿಸುವುದಕ್ಕೆ ನಾನು ಹೇಳುವ ಒಂದೇ ಒಂದು ವಿಧಾನ ಇದೆ. ಇದನ್ನು ಮಾಡದೆ ಡಬ್ಬ ಕೊಳ್ಳಬೇಡಿ. ಒಂದು ದಪ್ಪ ಬಿಳಿ ರಟ್ಟು ತೆಗೆದುಕೊಳ್ಳಿ, ಎರಡಡಿ ಉದ್ದ, ಎರಡಡಿ ಅಗಲ. ಅಂಗೈಯಗಲದ ತುಂಡು ಸಾಲದು, ಚಿಕ್ಕ ತುಂಡಿನಲ್ಲಿ ಎಲ್ಲ ಬಣ್ಣವೂ ತಿಳಿಯಾಗಿಯೇ ಕಾಣುತ್ತದೆ, ಗೋಡೆಗೆ ಬಂದಾಗ ಗಾಢವಾಗುತ್ತದೆ. ರಟ್ಟಿನ ನಡುವೆ ಮೇಲಿನಿಂದ ಕೆಳಗೆ ಒಂದು ಮಡಿಕೆ ಮೊದಲೇ ಹಾಕಿಡಿ. ಮೊದಲು ಪ್ರೈಮರ್, ಅಂದರೆ ಬಣ್ಣಕ್ಕೆ ಮುಂಚೆ ಬಳಿಯುವ ಬಿಳಿ ಅಡಿಲೇಪ, ಒಂದು ಕೈ ಹಚ್ಚಿ ಒಣಗಿಸಿ. ಅಂಗಡಿಯಲ್ಲಿ ಸಿಗುವ ಅತಿ ಚಿಕ್ಕ ಡಬ್ಬ ತಂದು ಎರಡು ಕೈ ಬಣ್ಣ ಹಚ್ಚಿ. ಒಂದು ಕೈಗೆ ನಿಲ್ಲಿಸಿದರೆ ಕೆಳಗಿನ ಬಿಳಿ ಇಣುಕಿ ಮೋಸ ಮಾಡುತ್ತದೆ. ಸುತ್ತ ಎರಡು ಬೆರಳಿನಷ್ಟು ಬಿಳಿ ಅಂಚು ಬಿಟ್ಟಿರಬೇಕು. ಆ ಅಂಚು ಇಲ್ಲದಿದ್ದರೆ ಹಳೆಯ ಗೋಡೆಯ ಹಸಿರೋ ಗುಲಾಬಿಯೋ ಪಕ್ಕದಲ್ಲೇ ನಿಂತು ಹೊಸ ಬಣ್ಣವನ್ನು ಕೆಡಿಸಿ ತೋರಿಸುತ್ತದೆ. ನೇರ ಗೋಡೆಯ ಮೇಲೆ ನಾಲ್ಕು ಪಟ್ಟೆ ಎಳೆದು ನೋಡುವವರಿಗೆ ಆಗುವ ಮೋಸವೇ ಇದು. ಸಾಲದ್ದಕ್ಕೆ ಆ ಪಟ್ಟೆಗಳ ಅಂಚು ಆಮೇಲೆ ಹೊಸ ಬಣ್ಣದ ಅಡಿಯಲ್ಲೂ ಉಬ್ಬಿ ಕಾಣುತ್ತದೆ.

ರಟ್ಟು ಒಂದು ರಾತ್ರಿ ಪೂರ್ತಿ ಒಣಗಲಿ. ಎಮಲ್ಷನ್, ಅಂದರೆ ನೀರು ಬೆರೆಸಿ ಗೋಡೆಗೆ ಹಚ್ಚುವ ಈಗಿನ ಬಣ್ಣ, ಒಣಗಿದ ಮೇಲೆ ಸಾಮಾನ್ಯವಾಗಿ ಹಸಿಯಿದ್ದಾಗ ಕಂಡದ್ದಕ್ಕಿಂತ ಗಾಢವಾಗುತ್ತದೆ. ಮರುದಿನ ಬೆಳಿಗ್ಗೆ ಏಳಕ್ಕೆ, ನಡುಮಧ್ಯಾಹ್ನ, ಸಂಜೆ ಐದಕ್ಕೆ, ರಾತ್ರಿ ದೀಪ ಹಾಕಿದ ಮೇಲೆ, ಹೀಗೆ ನಾಲ್ಕು ಹೊತ್ತು ನೋಡಿ. ಕಿಟಕಿಯ ಎದುರಿನ ಗೋಡೆಗೆ ಒರಗಿಸಿ ಒಮ್ಮೆ, ಕಿಟಕಿ ಇರುವ ಗೋಡೆಗೇ ಒರಗಿಸಿ ಇನ್ನೊಮ್ಮೆ. ಎಲ್ಲರೂ ಮರೆಯುವುದು ಈ ಎರಡನೆಯದನ್ನು, ಕೋಣೆಯಲ್ಲಿ ಕತ್ತಲೆ ಹೆಚ್ಚಿರುವ ಗೋಡೆ ಅದೇ. ಆಮೇಲೆ ಮಡಿಕೆಯಲ್ಲಿ ಮಡಚಿ ಮೂಲೆಗೆ ನಿಲ್ಲಿಸಿ ನೋಡಿ. ಮೂಲೆಯಲ್ಲಿ ಎರಡು ಗೋಡೆಗಳ ಬಣ್ಣ ಒಂದರ ಮೇಲೊಂದು ಬಿದ್ದು ಇನ್ನಷ್ಟು ಗಾಢವಾಗುತ್ತದೆ. ತಿಳಿ ಪಿಸ್ತಾ ಎಂದುಕೊಂಡದ್ದು ಮೂಲೆಯಲ್ಲಿ ಪಾಚಿಯ ಹಾಗೆ ಕಂಡರೆ ಅದನ್ನು ಬಿಟ್ಟುಬಿಡಿ. ಹಳೆಯ ಮನೆಗಳ ರೆಡ್‌ಆಕ್ಸೈಡ್ ನೆಲವಿದ್ದರೆ ರಟ್ಟನ್ನು ನೆಲಕ್ಕೆ ತಾಗಿಸಿ ಇಡಿ. ಬಿಸಿಲು ಆ ಕೆಂಪು ನೆಲಕ್ಕೆ ಬಿದ್ದು ಮೊಣಕಾಲೆತ್ತರದವರೆಗೆ ಗೋಡೆಗೆ ಕೆಂಪು ಬಡಿಯುತ್ತದೆ. ಅಚ್ಚ ಬಿಳಿಯೂ ಅಲ್ಲಿ ಗುಲಾಬಿಯೇ. ಪ್ರತಿ ಸಲ ಒಂದೇ ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಒಂದೊಂದು ಫೋಟೋ ತೆಗೆದಿಡಿ, ಹೊತ್ತನ್ನು ರಟ್ಟಿನ ಹಿಂದೆ ಪೆನ್ಸಿಲಿನಲ್ಲಿ ಬರೆಯಿರಿ. ಎರಡು ದಿನ ಹಿಡಿಯುತ್ತದೆ, ಹಿಡಿಯಲಿ. ಕೋಣೆಯ ಬೆಳಕು ಯಾವ ಹೊತ್ತಿಗೆ ಹೇಗೆ ತಿರುಗುತ್ತದೆ ಎನ್ನುವುದು ಈ ಎರಡು ದಿನದಲ್ಲೇ ಕಣ್ಣಿಗೆ ಕೂರುತ್ತದೆ. ಮುಂದೆ ಫೋಟೋ ತೆಗೆಯುವಾಗ ಬೇಕಾಗುವುದೂ ಅದೇ.

ಈಗ ಗೋಡೆ. ಅಂಗೈಯಿಂದ ಒತ್ತಿ ಉಜ್ಜಿ. ಬಿಳಿ ಪುಡಿ ಅಂಟಿತೆಂದರೆ ಅದು ಹಳೆಯ ಸುಣ್ಣ ಅಥವಾ ಸೀಮೆಸುಣ್ಣದ ಪುಡಿಯ ಡಿಸ್ಟೆಂಪರ್ ಬಣ್ಣ. ಅದರ ಮೇಲೆ ಎಮಲ್ಷನ್ ಹಚ್ಚಿದರೆ ಆರು ತಿಂಗಳಲ್ಲಿ ಹಪ್ಪಳದ ಹಾಗೆ ಏಳುತ್ತದೆ. ನೀರು ಚಿಮುಕಿಸಿ, ತಗಡಿನ ಪಟ್ಟಿಯಿಂದ ಕೆರೆದು, ಒದ್ದೆ ಬಟ್ಟೆಯಲ್ಲಿ ಒರೆಸಿ ತೆಗೆಯಲೇಬೇಕು. ಬೇಸರದ ಕೆಲಸ ನಿಜ, ಬೇರೆ ದಾರಿಯಿಲ್ಲ. ಹಿಂದೆ ಕಲ್ಲುಸುಣ್ಣ ಬೇಯಿಸಿ, ಸೋಸಿ, ಚಿಟಿಕೆ ನೀಲಿ, ಸ್ವಲ್ಪ ಗೋಂದು ಕಲಸಿ ನಾರಿನ ಕುಂಚದಲ್ಲಿ ಬಳಿಯುತ್ತಿದ್ದ ಕಾಲದಲ್ಲಿ ಈ ತಾಪತ್ರಯ ಇರಲಿಲ್ಲ, ಸುಣ್ಣದ ಮೇಲೆ ಸುಣ್ಣ ಕೂರುತ್ತಿತ್ತು, ಗೋಡೆಯೂ ಉಸಿರಾಡುತ್ತಿತ್ತು. ಕೋಣೆಯಲ್ಲಿ ಎರಡು ದಿನ ಆ ಹಸಿಸುಣ್ಣದ ವಾಸನೆ ತುಂಬಿರುತ್ತಿತ್ತು. ಈಗಿನ ಬಣ್ಣ ಪ್ಲಾಸ್ಟಿಕ್ಕಿನ ಹಾಳೆಯಿದ್ದ ಹಾಗೆ, ಅಡಿಯ ಗೋಡೆ ಗಟ್ಟಿಯಿದ್ದರೆ ಮಾತ್ರ ನಿಲ್ಲುತ್ತದೆ.

ತೇವ ಇದೆಯೇ ಎಂದು ತಿಳಿಯಲು ಅನುಮಾನದ ಜಾಗಕ್ಕೆ ಒಂದಡಿ ಚೌಕದ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದು ದಿನ ಬಿಡಿ. ಒಳಮೈಯಲ್ಲಿ ಹನಿ ಕೂತಿದ್ದರೆ ನೀರು ಗೋಡೆಯಿಂದಲೇ ಬರುತ್ತಿದೆ ಎಂದರ್ಥ. ಹಿಂಗಾರು ಮಳೆ ನವೆಂಬರಿನವರೆಗೂ ಬರುವ ನಮ್ಮಲ್ಲಿ ಇದನ್ನು ನೋಡದೆ ಮುಂದುವರಿಯಬಾರದು. ಬಚ್ಚಲಿಗೆ ಅಂಟಿದ ಗೋಡೆಯಾದರೆ ಮೊದಲು ಪ್ಲಂಬರನ್ನು ಕರೆಸಿ, ಆಮೇಲೆ ಬಣ್ಣದವರು. ಉಪ್ಪಿನಂಥ ಬಿಳಿ ಹಿಟ್ಟು ಉಕ್ಕಿದ್ದರೆ ಒಣ ಬ್ರಷ್ಷಿನಿಂದ ಉದುರಿಸಿ ಗುಡಿಸಿ ಬಿಸಾಡಿ. ನೀರಿನಲ್ಲಿ ತೊಳೆದರೆ ಆ ಉಪ್ಪು ಕರಗಿ ಮತ್ತೆ ಗೋಡೆಯೊಳಗೇ ಇಳಿಯುತ್ತದೆ.

ಗೋಡೆಯ ತಗ್ಗು ತುಂಬಿ ನಯ ಮಾಡುವ ಪುಟ್ಟಿ ಇಡ್ಲಿ ಹಿಟ್ಟಿಗಿಂತ ತುಸು ಗಟ್ಟಿ ಇರಲಿ. ಪಟ್ಟಿಯಲ್ಲಿ ಎತ್ತಿದರೆ ಜಾರಬಾರದು, ಗೋಡೆಗೆ ಎಳೆದರೆ ಹರಿಯಬಾರದು. ಗಂಟೆ ಹೊತ್ತಿನಲ್ಲಿ ಮುಗಿಯುವಷ್ಟೇ ಕಲಸಿ, ಗಟ್ಟಿಯಾದದ್ದಕ್ಕೆ ಮತ್ತೆ ನೀರು ಸುರಿದು ಬಳಸಿದರೆ ಪುಡಿಯಾಗಿ ಉದುರುತ್ತದೆ. ತೆಳ್ಳಗೆ ಎರಡು ಸಲ ಎಳೆಯಿರಿ. ಒಣಗಿದ ಮೇಲೆ ಉಪ್ಪು ಕಾಗದದಲ್ಲಿ ಉಜ್ಜಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಉಜ್ಜಿದ್ದು ಸಾಕೇ ಎಂದು ನೋಡಲು ಕತ್ತಲಲ್ಲಿ ಟಾರ್ಚನ್ನು ಗೋಡೆಗೆ ತಾಗಿಸಿ ಅಡ್ಡ ಬೆಳಕು ಬಿಡಿ, ಉಬ್ಬು ತಗ್ಗು ಎಲ್ಲ ನೆರಳು ಹಾಕಿ ತಾವೇ ಕಾಣಿಸಿಕೊಳ್ಳುತ್ತವೆ.

ಹತ್ತಡಿ ಹನ್ನೆರಡಡಿ ಕೋಣೆ, ಹತ್ತಡಿ ಎತ್ತರ ಎಂದರೆ ಬಾಗಿಲು ಕಿಟಕಿ ಕಳೆದು ಸುಮಾರು 380 ಚದರಡಿ ಗೋಡೆ. ನಯವಾದ ಗೋಡೆಗೆ ಎರಡು ಕೈಗೆ ಮೂರರಿಂದ ನಾಲ್ಕು ಲೀಟರ್ ಸಾಕು. ಎಲ್ಲವನ್ನೂ ಒಂದೇ ಸಲ ತಂದುಬಿಡಿ, ಮತ್ತೆ ಕಲಸಿಸಿದ ಬಣ್ಣ ಕೂದಲೆಳೆಯಷ್ಟಾದರೂ ಬೇರೆಯಾಗಬಹುದು. ನೀರು ಡಬ್ಬದ ಮೇಲೆ ಬರೆದಷ್ಟೇ, ಕೈಗೆ ಮಜ್ಜಿಗೆಹುಳಿಯ ಹದ ಸಿಗಬೇಕು. ಮೊದಲು ಮೂಲೆ, ಸ್ವಿಚ್ಚಿನ ಸುತ್ತ ಎರಡಿಂಚಿನ ಬ್ರಷ್ಷು, ಅದು ಒಣಗುವ ಮೊದಲೇ ರೋಲರ್. ಒಂದು ಗೋಡೆ ಶುರು ಮಾಡಿದರೆ ಮುಗಿಸಿಯೇ ಕಾಫಿಗೆ ಏಳಿ. ನಡುವೆ ಬಿಟ್ಟರೆ ಹಸಿ ಒಣ ಸೇರುವಲ್ಲಿ ಪಟ್ಟೆ ನಿಲ್ಲುತ್ತದೆ. ಮಂಜಿನ ಬೆಳಗಿನಲ್ಲಿ ಶುರು ಮಾಡಬೇಡಿ, ಒಂಬತ್ತೂವರೆ ಹತ್ತು ಆಗಲಿ. ಬಿಸಿಲು ನೇರ ಬಿದ್ದಿರುವ ಗೋಡೆಯನ್ನೂ ಆ ಹೊತ್ತಿನಲ್ಲಿ ಮುಟ್ಟಬೇಡಿ, ಬ್ರಷ್ಷಿನಡಿಯಲ್ಲೇ ಒಣಗಿ ಗೆರೆ ಬೀಳುತ್ತದೆ. ಎರಡು ಕೈಗಳ ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡಿ, ಚಳಿ ಹೆಚ್ಚಿದ್ದರೆ ಆರು. ಬಾಗಿಲು ಕಿಟಕಿಗೆ ಬಣ್ಣ ತಾಗದಿರಲೆಂದು ಅಂಚಿಗೆ ಟೇಪ್ ಹಚ್ಚಿದ್ದರೆ ಅದನ್ನು ಕೊನೆಯ ಕೈ ಇನ್ನೂ ತುಸು ಹಸಿಯಿರುವಾಗಲೇ ಎಳೆಯಿರಿ, ಪೂರ್ತಿ ಒಣಗಿದ ಮೇಲೆ ಎಳೆದರೆ ಬಣ್ಣದ ಚಕ್ಕೆಯೂ ಜೊತೆಗೆ ಬರುತ್ತದೆ.

ಕೋಣೆ ಹೇಗೂ ಖಾಲಿಯಾಗಿದೆಯಲ್ಲ, ಹಾಸಿಗೆ ದಿಂಬುಗಳನ್ನು ಮೂಲೆಗೆ ಒಟ್ಟಿಡಬೇಡಿ, ಮಹಡಿಗೆ ಹೊತ್ತುಕೊಂಡು ಹೋಗಿ. ಹತ್ತಿ ಹಾಸಿಗೆಗೆ ಬೆಳಿಗ್ಗೆ ಹತ್ತರಿಂದ ಮೂರರ ಬಿಸಿಲು, ನಡುವೆ ಒಮ್ಮೆ ಮಗುಚಿ ಕೋಲಿನಿಂದ ಬಡಿಯಿರಿ. ನಾಲ್ಕರ ಮೇಲೆ ಬಿಟ್ಟರೆ ಸಂಜೆಯ ತಂಪು ಹೀರಿ ಮೊದಲಿಗಿಂತ ಭಾರವಾಗುತ್ತದೆ. ಬೂರುಗದ ಹತ್ತಿಯ ದಿಂಬನ್ನು ಬಡಿಯಬೇಡಿ, ಕೈಯಲ್ಲಿ ಕುಲುಕಿ ಸಾಕು. ರೇಷ್ಮೆ ಸೀರೆಯನ್ನೂ ಇದೇ ಬಿಸಿಲಿಗೆ ಹರಡುವವರಿದ್ದಾರೆ, ನೋಡಿದರೆ ಸಂಕಟವಾಗುತ್ತದೆ. ಅದಕ್ಕೆ ನೆರಳಿನ ಗಾಳಿ, ಬಿಸಿಲಲ್ಲ.

ಇನ್ನು ಫೋಟೋ. ಮೊದಲು ಮೊಬೈಲಿನ ಹಿಂದಿನ ಕಣ್ಣನ್ನು ಹಳೆಯ ಮೆತ್ತನೆ ಹತ್ತಿಬಟ್ಟೆಯಲ್ಲಿ ಒರೆಸಿ. ಎಷ್ಟೋ ಫೋಟೋ ಮಂಜು ಮಂಜಾಗುವುದು ಬೆರಳಿನ ಜಿಡ್ಡಿನಿಂದ. ಕೋಣೆಯ ದೀಪಗಳನ್ನೆಲ್ಲ ಆರಿಸಿ. ಹಳದಿ ಬಲ್ಬು, ಬಿಳಿ ಟ್ಯೂಬು, ಕಿಟಕಿಯ ಬೆಳಕು ಮೂರೂ ಬೆರೆತರೆ ಯಾವ ಕ್ಯಾಮೆರಾವೂ ಗೋಡೆಯ ನಿಜ ಬಣ್ಣ ಹೇಳಲಾರದು. ಕಿಟಕಿ ನಿಮ್ಮ ಪಕ್ಕಕ್ಕೆ ಬರುವಂತೆ ನಿಲ್ಲಿ. ನೇರ ಬಿಸಿಲು ಒಳಗೆ ಬಿದ್ದಿದ್ದರೆ ತೆಳು ಬಿಳಿ ಪಂಚೆಯನ್ನು ಕಿಟಕಿಗೆ ಇಳಿಬಿಡಿ, ಬೆಳಕು ಹಾಲಿನ ಹಾಗೆ ಹರಡುತ್ತದೆ. ತಲೆಯ ಮೇಲೆ ಕೈಯೆತ್ತಿ ತೆಗೆಯುವ ಅಭ್ಯಾಸ ಬಿಡಿ. ಮೊಬೈಲನ್ನು ಎದೆಮಟ್ಟಕ್ಕೆ ನೇರವಾಗಿ ಹಿಡಿಯಿರಿ, ಪರದೆಯ ಚೌಕಳಿ ಗೆರೆ ಹಾಕಿಕೊಂಡು ಬಾಗಿಲಿನ ಚೌಕಟ್ಟಿಗೆ ಸರಿಹೊಂದಿಸಿ. ಇಡೀ ಕೋಣೆ ಬರಲಿ ಎಂದು ಕ್ಯಾಮೆರಾದ ಝೂಮ್ 0.5ಕ್ಕೆ ಇಳಿಸಿದರೆ ಅಂಚಿನಲ್ಲಿ ಮಂಚವೂ ಬೀರುವೂ ಎಳೆದ ಹಾಗೆ ಕಾಣುತ್ತವೆ, ಅದರ ಬದಲು ಬಾಗಿಲಾಚೆಗೆ ಹಿಂದೆ ಸರಿದು 1ರಲ್ಲೇ ತೆಗೆಯಿರಿ. ತಿಳಿ ಗೋಡೆ ತುಂಬ ಇದ್ದರೆ ಕ್ಯಾಮೆರಾ ಬೆಳಕು ಹೆಚ್ಚಾಯಿತೆಂದು ತಾನೇ ತಗ್ಗಿಸಿ ಬಿಳಿಯನ್ನು ಬೂದು ಮಾಡುತ್ತದೆ. ಪರದೆ ಮುಟ್ಟಿ, ಪಕ್ಕದಲ್ಲಿ ಬರುವ ಸೂರ್ಯನ ಗುರುತನ್ನು ಒಂಚೂರು ಮೇಲೆಳೆಯಿರಿ.

ಕೋಣೆಯೊಳಗೇ ಕೂತು ನೂರು ಫೋಟೋ ತೆಗೆಯಬೇಡಿ. ಧನುರ್ಮಾಸದ ಬೆಳಗು ಹೊರಗೆ ಕಾಯುತ್ತಿರುತ್ತದೆ. ಆರೂಮುಕ್ಕಾಲರಿಂದ ಎಂಟರೊಳಗೆ ಬಿಸಿಲು ಅಡ್ಡ ಬೀಳುತ್ತದೆ. ರಂಗೋಲಿಯ ಪುಡಿ ಎದ್ದು ಕಾಣುವುದು, ದಾಸವಾಳದ ಎಲೆಯ ಇಬ್ಬನಿ ಹೊಳೆಯುವುದು ಆಗ ಮಾತ್ರ. ಇಬ್ಬನಿಗೆ ಬಗ್ಗಿ, ಸೂರ್ಯ ಎದುರಿಗಿರುವಂತೆ ಹಿಡಿಯಿರಿ. ಮೊರದ ತುಂಬ ಹಿತಕಿದ ಅವರೆಬೇಳೆ, ಅದರ ಮೇಲಿನ ಕೈಗಳು, ಇವೆಲ್ಲ ಗೋಡೆಗೆ ಏರಬೇಕಾದ ಚಿತ್ರಗಳು.

ಮನೆಯ ಹಿರಿಯರ ಹಳೆಯ ಸ್ಟುಡಿಯೋ ಫೋಟೋ ಗಾಜಿಗೆ ಅಂಟಿಕೊಂಡಿದ್ದರೆ ದಯವಿಟ್ಟು ಎಳೆದು ಬಿಡಿಸಬೇಡಿ, ಮುಖದ ಪದರವೇ ಕಿತ್ತು ಬರುತ್ತದೆ. ಗಾಜಿನ ಸಮೇತ ಕಿಟಕಿಯ ಪಕ್ಕದ ಗೋಡೆಗೆ ಒರಗಿಸಿ, ಬೆಳಕು ಓರೆಯಾಗಿ ಬೀಳಲಿ. ನಿಮ್ಮ ಬೆನ್ನಿಗೆ ಒಬ್ಬರು ಕರಿಕಂಬಳಿ ಅಗಲಿಸಿ ಹಿಡಿಯಲಿ, ಆಗ ಗಾಜಿನಲ್ಲಿ ನಿಮ್ಮ ಹಿಂದಿನ ಕೋಣೆಯ ಪ್ರತಿಬಿಂಬ ಮೂಡುವುದಿಲ್ಲ. ಎರಡು ಹೆಜ್ಜೆ ಹಿಂದೆ ನಿಂತು ಝೂಮ್ 2ಕ್ಕೆ ಏರಿಸಿ ಹತ್ತಿರ ಮಾಡಿ ತೆಗೆಯಿರಿ, ಫ್ಲ್ಯಾಶ್ ಮುಟ್ಟಲೇಬೇಡಿ.

ಪ್ರಿಂಟಿಗೆ ಕಳಿಸುವಾಗ ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿ. ಚೌಕಟ್ಟು ಕಟ್ಟಿಸುವಾಗ ಗಾಜಿಗೂ ಫೋಟೋಗೂ ನಡುವೆ ರಟ್ಟಿನ ಅಂಚು ಕೇಳಿ ಹಾಕಿಸಿ. ಮಲೆನಾಡು, ಕರಾವಳಿಯ ಮನೆಗಳಲ್ಲಂತೂ ಅದಿಲ್ಲದೆ ಒಂದು ಮಳೆಗಾಲ ಕಳೆಯುವುದರೊಳಗೆ ಫೋಟೋ ಗಾಜಿಗೆ ಅಂಟುತ್ತದೆ. ಹಿಂಬದಿಯ ಕೆಳಗಿನ ಎರಡು ಮೂಲೆಗೆ ಬಿರಡೆಯ ಚೂರು ಅಂಟಿಸಿದರೆ ಗೋಡೆಗೂ ಚೌಕಟ್ಟಿಗೂ ನಡುವೆ ಗಾಳಿಯಾಡುತ್ತದೆ. ದಕ್ಷಿಣದ ಬಿಸಿಲು ಬೀಳುವ ಗೋಡೆ ಫೋಟೋಗಳಿಗಲ್ಲ, ಬಣ್ಣ ಹಾರುತ್ತದೆ. ಮಲಗುವ ಕೋಣೆಯಲ್ಲಿ ನೋಡುವುದು ಕೂತು, ಒರಗಿ. ಹಾಗಾಗಿ ಹಜಾರದಲ್ಲಿ ಹಾಕುವುದಕ್ಕಿಂತ ಒಂದು ಗೇಣು ಕೆಳಗಿರಲಿ. ಅಂಟುಪಟ್ಟಿಯಲ್ಲಿ ತೂಗುಹಾಕುವವರು ಎಮಲ್ಷನ್ ಪೂರ್ತಿ ಗಟ್ಟಿಯಾಗಲು ಎರಡು ಮೂರು ವಾರ ಕಾಯಬೇಕು, ಇಲ್ಲದಿದ್ದರೆ ಪಟ್ಟಿಯ ಜೊತೆ ಬಣ್ಣವೂ ಬರುತ್ತದೆ. ರಜೆಯಲ್ಲಿ ಹಚ್ಚಿದ ಗೋಡೆಗೆ ಸಂಕ್ರಾಂತಿ ಕಳೆದ ಮೇಲೆ ಫೋಟೋ ಏರಿಸಿ. ಅಲ್ಲಿಯವರೆಗೆ ಚೌಕಟ್ಟುಗಳು ಮಂಚದ ಕೆಳಗೆ ಬೇಡ, ಬೀರುವಿನ ಮೇಲೆ ಬಟ್ಟೆ ಸುತ್ತಿ ನೇರ ನಿಲ್ಲಿಸಿಡಿ.